ಬ್ಯಾಂಕಿನ ಐವತ್ತು ಸಾವಿರ, ನಾದಿನಿಯ ಐನೂರು

ತಿಂಗಳ ಮೊದಲನೇ ತಾರೀಖು ಬಂತೆಂದರೆ ಟೈಲರಮ್ಮನಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಅಂಗಡಿಯ ಬಾಗಿಲು ತೆಗೆಯುವ ಮೊದಲು ಬೀದಿ ಕೊನೆಯ ಎಟಿಎಂಗೆ ಹೋಗಿ, ಖಾತೆಯಲ್ಲಿ ಎಷ್ಟಿದೆ ಎಂದು ನೋಡಿಕೊಂಡು ಬರುವುದು ಅವಳ ರೂಢಿ. ಚೀಟಿ ತೆಗೆದುಕೊಳ್ಳುತ್ತಿರಲಿಲ್ಲ. ಪರದೆಯ ಮೇಲೆ ಬರುವ ಒಂದು ಅಂಕಿ ಸಾಕಿತ್ತು.

ಈಚೆಗೆ ಆ ಅಂಕಿ ಅವಳ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಒಂದು ತಿಂಗಳು ಐನೂರ ಎಪ್ಪತ್ತು ಕಮ್ಮಿ. ಮರುತಿಂಗಳು ಐನೂರ ಎಂಬತ್ತರ ಹತ್ತಿರ. ಮೂರನೇ ತಿಂಗಳು ಐನೂರ ತೊಂಬತ್ತರ ಹತ್ತಿರ. ಹಾಕಿದ್ದೆಷ್ಟು, ದಾರ ಬಟ್ಟೆಗೆಂದು ತೆಗೆದದ್ದೆಷ್ಟು, ಎಲ್ಲವೂ ಅವಳ ಪುಸ್ತಕದಲ್ಲಿದೆ. ಅಳತೆಯಲ್ಲಿ ಅರ್ಧ ಅಂಗುಲ ತಪ್ಪದವಳು ಲೆಕ್ಕದಲ್ಲಿ ತಪ್ಪುತ್ತಾಳೆಯೇ?

ಬ್ಯಾಂಕಿಗೆ ಹಣ ಕಟ್ಟಿ ಬರುತ್ತಿದ್ದವಳು ನಾದಿನಿ. ಮೂರು ವರ್ಷದ ಹಿಂದೆ ಗಂಡನ ಮನೆ ಬಿಟ್ಟು, ಒಂದು ಪೆಟ್ಟಿಗೆ ಹಿಡಿದು ಅಣ್ಣನ ಮನೆಗೆ ಬಂದವಳು. ಗುಂಡಿ ಹಚ್ಚುವುದು, ಕಾಜ ಹಾಕುವುದು, ಅಂಚು ಮಡಚುವುದು ಅವಳ ಕೆಲಸ. ಪ್ರತಿ ಶನಿವಾರ ವಾರದ ಸಂಪಾದನೆಯನ್ನು ಬ್ಯಾಂಕಿಗೆ ಒಯ್ಯುವುದೂ ಅವಳೇ. ಮೊದಲೆಲ್ಲ ಟೈಲರಮ್ಮ ಗಿರಾಕಿಗಳ ಮುಂದೆ, "ಇವಳು ನನ್ನ ನಾದಿನಿ ಅಲ್ಲ, ನನ್ನ ಬಲಗೈ" ಎನ್ನುತ್ತಿದ್ದಳು. ಈಗ ಆ ಬಲಗೈಯನ್ನೇ ಓರೆಗಣ್ಣಿನಿಂದ ನೋಡತೊಡಗಿದ್ದಳು. ತಿಂಗಳಿಗೆ ಹತ್ತು ಹತ್ತು ಹೆಚ್ಚು ಹೋಗುತ್ತಿದೆಯೆಂದರೆ, ತೆಗೆಯುವ ಕೈಗೆ ಧೈರ್ಯ ಬರುತ್ತಿದೆ ಎಂದು ತಾನೇ ಅರ್ಥ? ಹೀಗೆಲ್ಲ ಯೋಚಿಸುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಆದರೆ ಅನುಮಾನ ಬಟ್ಟೆಗೆ ಬಿದ್ದ ಎಣ್ಣೆಯಂಥದ್ದು, ಉಜ್ಜಿದಷ್ಟೂ ಹರಡುತ್ತದೆ.

ಒಂದು ಮಧ್ಯಾಹ್ನ ನಾದಿನಿ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಳು. ಟೈಲರಮ್ಮನ ಕಣ್ಣು ಅಲ್ಲೇ ನಿಂತಿತು.

"ಚಪ್ಪಲಿ ನೋಡ್ತಿದ್ದೀರಾ ಅತ್ತಿಗೆ?"

"ನೋಡಿದ್ರೆ ಏನೀಗ? ಚೆನ್ನಾಗಿದೆ. ಅಲ್ಲಾ, ಬ್ಯಾಂಕಿಗೆ ಹೋಗೋವಾಗ ಚಿಲ್ಲರೆ ಗಿಲ್ಲರೆ ಎಲ್ಲಾದ್ರೂ ಮರೆತು ಬರ್ತೀಯೇನೋ ಅಂತ..."

ನಾದಿನಿ ಕೈಯಲ್ಲಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. "ಸುತ್ತಿ ಬಳಸಿ ಯಾಕೆ? ಬಾಯಿ ಬಿಟ್ಟು ಕೇಳಿ."

ಟೈಲರಮ್ಮ ಕೇಳಿಯೇಬಿಟ್ಟಳು. "ತಿಂಗಳಿಗೆ ಐನೂರು ಎಲ್ಲಿಗೆ ಹೋಗ್ತಿದೆ?"

ನಾದಿನಿ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಅಂಗಿಯ ಉಳಿದ ಎರಡು ಗುಂಡಿ ಹಚ್ಚಿ, ದಾರ ಕತ್ತರಿಸಿ, ಮಡಚಿಟ್ಟು ಎದ್ದು ಹೋದಳು. ಸಂಜೆಗೆ ಪೆಟ್ಟಿಗೆ ಸಮೇತ ಮನೆಯಿಂದಲೂ ಹೋದಳು. ಬಸ್ ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ ಹಿಡಿದಿದ್ದಾಳೆ, ಮಲಗುವುದೂ ಅಲ್ಲೇ ಎಂದು ಎರಡು ದಿನದ ಮೇಲೆ ಗೊತ್ತಾಯಿತು.

ಗಂಡ ಬಸ್ ಡ್ರೈವರ್. ಮಾತು ಕಮ್ಮಿ. "ನನ್ನ ತಂಗಿ ಹಸ್ಕೊಂಡಾದ್ರೂ ಇರ್ತಾಳೆ, ಕದಿಯಲ್ಲ" ಎಂದಷ್ಟೇ ಹೇಳಿದ. ಅಂದಿನಿಂದ ತಟ್ಟೆ ಮುಂದೆ ಕೂತಾಗಲೂ ಮುಖ ಎತ್ತಲಿಲ್ಲ.

ಮುಂದಿನ ನಾಲ್ಕು ಶನಿವಾರ ಟೈಲರಮ್ಮ ತಾನೇ ಬ್ಯಾಂಕಿಗೆ ಹೋಗಿ ಹಣ ಕಟ್ಟಿದಳು. ಒಂದನೇ ತಾರೀಖು ಎಟಿಎಂ ಮುಂದೆ ನಿಂತಳು. ಆರುನೂರಕ್ಕೆ ನಾಲ್ಕು ಕಮ್ಮಿ, ಅಷ್ಟು ಹಣ ಮತ್ತೆ ಇಲ್ಲ.

ಈ ಸಲ ಹಣ ಮುಟ್ಟಿದ್ದು ಅವಳೊಬ್ಬಳೇ.

ಅಂಗಡಿಗೆ ಹೋಗುವ ಬದಲು ಪಕ್ಕದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಆ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು.

"ಡಾಕ್ಟ್ರಮ್ಮಾ..."

"ಹಾಗೆ ಕೂಗಬೇಡ್ವೇ ಮಾರಾಯ್ತಿ. ಅಸಲಿ ಡಾಕ್ಟ್ರು ಯಾರಾದ್ರೂ ಕೇಳಿಸ್ಕೊಂಡ್ರೆ ನನ್ನ ಅಂಗಡಿಗೆ ಬೀಗ ಬೀಳುತ್ತೆ. ಏನಾಯ್ತು, ಮುಖ ಯಾಕೆ ಸುಣ್ಣದ ಹಾಗಿದೆ?"

ಎಲ್ಲವನ್ನೂ ಕೇಳಿದ ಮೇಲೆ ಡಾಕ್ಟ್ರಮ್ಮ ಒಂದೇ ಪ್ರಶ್ನೆ ಹಾಕಿದಳು. "ಸ್ಟೇಟ್‌ಮೆಂಟ್ ನೋಡಿದ್ದೀಯಾ?"

"ಅದ್ಯಾಕೆ? ಮೆಷಿನ್ ತೋರಿಸುತ್ತಲ್ಲ."

"ಮೆಷಿನ್ ಎಷ್ಟು ಅಂತ ಹೇಳುತ್ತೆ. ಯಾಕೆ ಅಂತ ಹೇಳಲ್ಲ. ನಡಿ."

ಬ್ಯಾಂಕಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಎರಡು ಹಾಳೆ ಅಚ್ಚಾಗಿ ಬಂತು. ಔಷಧಿ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಅದನ್ನು ಹರಡಿ, ಡಾಕ್ಟ್ರಮ್ಮ ಕನ್ನಡಕ ಏರಿಸಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಸಣ್ಣದಾಯಿತು.

"ನಿನಗೆ ಓವರ್‌ಡ್ರಾಫ್ಟ್ ಕೊಟ್ಟಿದ್ದಾರೆ, ಗೊತ್ತಾ?"

ಟೈಲರಮ್ಮನಿಗೆ ಮಸುಕಾಗಿ ನೆನಪಾಯಿತು. ಬ್ಯಾಂಕಿನವನೊಬ್ಬ ಅಂಗಡಿಗೆ ಬಂದಿದ್ದ. ಶಾಲೆಯಿಂದ ಸಮವಸ್ತ್ರದ ಐವತ್ತು ಸಾವಿರ ಬರಬೇಕು ಎಂದು ಹೇಳಿದ್ದಕ್ಕೆ, "ಅಷ್ಟಕ್ಕೇ ಒಂದು ಮಿತಿ ಹಾಕ್ಕೊಡ್ತೀವಿ ಮೇಡಂ, ಬೇಕಾದಾಗ ಬಳಸ್ಕೊಳ್ಳಿ" ಎಂದು ಕಾಗದ ಚಾಚಿದ್ದ. ಆಗ ಗಿರಾಕಿಯೊಬ್ಬಳಿಗೆ ಅಂಗಿಯ ಅಳತೆ ನೋಡುತ್ತಿದ್ದಳು. ಬಾಯಿ ತುಂಬ ಗುಂಡುಪಿನ್ನು. ಪ್ರಶ್ನೆ ಕೇಳಲು ಬಾಯಿ ಬಿಡುವಂತಿರಲಿಲ್ಲ. ಸಹಿ ಹಾಕಿ ಕೊಟ್ಟಿದ್ದಳು.

"ನಿಂದು ಅಂತ ಖಾತೆಯಲ್ಲಿ ಇದ್ದದ್ದು ಹದಿನಾಲ್ಕು ಸಾವಿರ. ಬ್ಯಾಂಕಿನ ಐವತ್ತು ಸೇರಿಸಿ ಮೆಷಿನ್ ಅರವತ್ನಾಲ್ಕು ತೋರಿಸ್ತು."

"ಅಯ್ಯೋ, ನಾನು ಶಾಲೆಯವರು ದುಡ್ಡು ಹಾಕಿದ್ರು ಅಂದ್ಕೊಂಡೆ! ಅಂಚು ಹೊಲಿಯೋ ಹೊಸ ಮೆಷಿನ್ ತಗೊಂಡೆನಲ್ಲ, ಐವತ್ತೆರಡು ಸಾವಿರಕ್ಕೆ..."

"ಅದರಲ್ಲಿ ನಿಂದು ಹದಿನಾಲ್ಕು. ಮಿಕ್ಕ ಮೂವತ್ತೆಂಟು ಬ್ಯಾಂಕಿನ ಸಾಲ. ಎಟಿಎಂ ಇನ್ನೂ ಹನ್ನೆರಡು ಇದೆ ಅಂತ ತೋರಿಸ್ತಲ್ಲ, ಅದು ನಿನ್ನ ಉಳಿತಾಯ ಅಲ್ಲ ಕಣೇ. ನೀನು ಇನ್ನೂ ಎಷ್ಟು ಸಾಲ ಮಾಡಬಹುದು ಅನ್ನೋ ಲೆಕ್ಕ."

"ಬ್ಯಾಂಕಿನ ಮೆಷಿನ್ನೇ ಸುಳ್ಳು ಹೇಳಿದ್ರೆ ಯಾರನ್ನ ನಂಬೋದು?"

"ಸುಳ್ಳೆಲ್ಲಿ ಹೇಳ್ತು? ಬಳಸಬಹುದಾದ ಮೊತ್ತ ಅಂತು. ನಿನ್ನ ಮೊತ್ತ ಅಂತ ಹೇಳ್ತಾ?" ಡಾಕ್ಟ್ರಮ್ಮ ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡು. ಬಳಸಿದ ಹಣಕ್ಕೆ ದಿನದ ಲೆಕ್ಕದಲ್ಲಿ ಬಡ್ಡಿ. ತಿಂಗಳ ಕೊನೆಗೆ ಅವರೇ ಖಾತೆಯಿಂದ ಕಳೀತಾರೆ. ನಿಂದು ನೂರಕ್ಕೆ ತಿಂಗಳಿಗೆ ಒಂದೂವರೆ. ಮೂವತ್ತೆಂಟು ಸಾವಿರಕ್ಕೆ ಐನೂರ ಎಪ್ಪತ್ತು. ಆ ಬಡ್ಡೀನೂ ಸಾಲಕ್ಕೇ ಸೇರ್ತು, ವಾರ ವಾರ ಕಟ್ಟಿದ್ದೆಲ್ಲ ದಾರ ಬಟ್ಟೆಗೇ ಸರಿಹೋಯ್ತು. ಅದಕ್ಕೇ ತಿಂಗಳು ತಿಂಗಳು ಹತ್ತು ಹತ್ತು ಜಾಸ್ತಿ."

ತೆಗೆಯುವ ಕೈಗೆ ಧೈರ್ಯ ಬಂದಿರಲಿಲ್ಲ. ಕೈ ಅನ್ನುವುದೇ ಇರಲಿಲ್ಲ. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಹಾಗಾದ್ರೆ ಈ ಓವರ್‌ಡ್ರಾಫ್ಟ್ ಅನ್ನೋದೇ ಪೀಡೆ. ಬೇಡವೇ ಬೇಡ."

"ಪೀಡೆ ಏನಲ್ಲ. ನನಗೂ ಇದೆ. ಔಷಧಿ ಕಂಪನಿಗೆ ಸೋಮವಾರ ಕಟ್ಟಬೇಕು, ಆಸ್ಪತ್ರೆಯವರು ನನಗೆ ಗುರುವಾರ ಕೊಡ್ತಾರೆ. ಆ ಮೂರು ದಿನಕ್ಕೆ ತಗೋತೀನಿ. ಬಡ್ಡಿ ಒಂದು ಚಹಾದ ಕಾಸು. ನೀನು ವರ್ಷಗಟ್ಟಲೆ ದುಡಿಯೋ ಮೆಷಿನ್ನಿಗೆ ಹಾಕಿದೆ. ಅದಕ್ಕೆ ಕಂತಿನ ಸಾಲ ಬೇರೆ ಇರುತ್ತೆ, ಎಷ್ಟೋ ಕಡೆ ಬಡ್ಡೀನೂ ಕಮ್ಮಿ. ಆಮೇಲೆ ಈ ಮಿತೀನ ಬ್ಯಾಂಕಿನವರು ಯಾವಾಗ ಬೇಕಾದ್ರೂ ಇಳಿಸಬಹುದು, ಹಣ ಕಟ್ಟು ಅನ್ನಬಹುದು. ಮಿತಿ ದಾಟಿದ್ರೆ ದಂಡ, ಕೊಟ್ಟ ಚೆಕ್ಕೂ ವಾಪಸ್ಸು."

"ನನಗೆ ಒಂದು ಮಾತು ಹೇಳಬಾರದಿತ್ತಾ ಅವರು?"

"ಹೇಳಿರ್ತಾರೆ. ಖಾತೆಗೆ ಯಾರ ಫೋನ್ ನಂಬರ್ ಕೊಟ್ಟಿದ್ದೆ?"

ಗಂಡನದು. ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ ಅವನು ಫೋನನ್ನೇ ಅವಳ ಮುಂದಿಟ್ಟ. ಬಡ್ಡಿಯ ನಾಲ್ಕು ಮೆಸೇಜೂ ಅದರಲ್ಲಿದ್ದವು. "ಏನೇನೋ ಬರ್ತಾ ಇರುತ್ತೆ, ಜಾಹೀರಾತು ಅಂದ್ಕೊಂಡೆ" ಎಂದ. ಆಮೇಲೆ ತಟ್ಟೆಯನ್ನೇ ನೋಡುತ್ತಾ, "ನಾನು ಓದಿದ್ದಿದ್ರೆ ಅವಳು ಹೋಗ್ತಿರಲಿಲ್ಲ" ಎಂದ.

ಮರುದಿನ ಬಾಕಿ ಕೇಳಲು ಹೋದರೆ ಶಾಲೆಯ ಕಚೇರಿಯಲ್ಲಿ ಗುಮಾಸ್ತ, "ನೀವು ಕೇಳಲೇ ಇಲ್ಲ, ನಿಮಗೆ ಅವಸರ ಇಲ್ಲ ಅಂದ್ಕೊಂಡ್ವಿ" ಎನ್ನುತ್ತಾ ಚೆಕ್ ಬರೆದುಕೊಟ್ಟ. ಐವತ್ತು ಸಾವಿರ ಖಾತೆಗೆ ಬಿತ್ತು. ಮೊದಲು ಸಾಲದ ಹಳ್ಳ ತುಂಬಿತು. ಕಡೆಗೆ ಅವಳದೆಂದು ಉಳಿದದ್ದು ಒಂಬತ್ತು ಸಾವಿರ ಚಿಲ್ಲರೆ.

ಆ ಹಳ್ಳ ತುಂಬಿತು. ಇನ್ನೊಂದು ಹಾಗೆಯೇ ಇತ್ತು.

ವಸತಿಗೃಹದ ಹಿಂದಿನ ಕೋಣೆಯಲ್ಲಿ ನಾದಿನಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಹಬೆಗೆ ಮುಖವೆಲ್ಲ ಬೆವರು. ಮೊಣಕೈ ಹತ್ತಿರ ಸುಟ್ಟ ಗಾಯ. ಟೈಲರಮ್ಮ ಸ್ಟೇಟ್‌ಮೆಂಟನ್ನು ಮುಂದೆ ಹಿಡಿದು, ಬಡ್ಡಿಯ ಸಾಲುಗಳನ್ನು ತೋರಿಸಿ, "ನನ್ನದು ತಪ್ಪಾಯ್ತು. ಮನೆಗೆ ಬಾ" ಎಂದಳು.

ನಾದಿನಿ ಹಾಳೆಯನ್ನು ಓದಿದಳು. ಪೂರ್ತಿ ಓದಿದಳು.

"ಮೂರು ತಿಂಗಳು ನನ್ನ ಮುಖ ನೋಡ್ತಾ ಇದ್ರಲ್ಲ ಅತ್ತಿಗೆ. ಒಂದೇ ಒಂದು ದಿನ ಬ್ಯಾಂಕಿನವರ ಮುಖ ನೋಡೋಕ್ಕಾಗಲಿಲ್ವಾ?"

ಟೈಲರಮ್ಮ ಪಕ್ಕದ ರಾಶಿಯಿಂದ ಒಂದು ಹಾಸಿಗೆ ಬಟ್ಟೆ ಎತ್ತಿ ಮಡಚತೊಡಗಿದಳು.

ಒಪ್ಪಿಕೊಂಡ ತಿಂಗಳ ಕೆಲಸ ಮುಗಿಸಿ ನಾದಿನಿ ಬಂದಳು. ಒಂದು ಷರತ್ತು ಹಾಕಿಯೇ ಬಂದಳು. ಪ್ರತಿ ತಿಂಗಳು ಸ್ಟೇಟ್‌ಮೆಂಟ್ ತರಿಸಬೇಕು, ಮೂವರೂ ಕೂತು ಗಟ್ಟಿಯಾಗಿ ಓದಬೇಕು. ಈಗ ಡ್ರೈವರನೇ ಓದುತ್ತಾನೆ. ನಮ್ಮದೆಷ್ಟು, ಬ್ಯಾಂಕಿನದೆಷ್ಟು, ಬಡ್ಡಿ ಎಷ್ಟು ಎಂದು ಮೂರನ್ನೂ ಬೇರೆ ಬೇರೆ ಬರೆದಿಡುತ್ತಾರೆ. ಖಾತೆಗೆ ಟೈಲರಮ್ಮನ ಫೋನ್ ನಂಬರ್ ಕೊಟ್ಟಾಗಿದೆ. ಹೊಸ ಮಾಲು ಕೊಂಡು ಗಿರಾಕಿಯ ಹಣ ಬರುವವರೆಗಿನ ವಾರ ಹತ್ತು ದಿನಕ್ಕೆ ಮಾತ್ರ ಓವರ್‌ಡ್ರಾಫ್ಟ್ ಮುಟ್ಟುತ್ತಾರೆ.

ಅಂಗಡಿ ಮತ್ತೆ ನಡೆಯುತ್ತಿದೆ. ಆದರೆ ನಾದಿನಿ ಈಗ ಒಂದು ಸೂಜಿ ಪೊಟ್ಟಣ ತಂದರೂ ರಸೀದಿ ತಂದು ಮೇಜಿನ ಮೇಲಿಡುತ್ತಾಳೆ. ಯಾರೂ ಕೇಳಿಲ್ಲ. ಅದೆಲ್ಲ ಬೇಡ ಎಂದು ಹೇಳುವ ಬಾಯಿಯೂ ಟೈಲರಮ್ಮನಿಗಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ತಂಗಿ, ನಿಮ್ಮ ಅಂಗಡಿಯ ಚಾಲ್ತಿ ಖಾತೆಗೂ ಓವರ್‌ಡ್ರಾಫ್ಟ್ ಇರಬಹುದು. ನಾಳೆಯೇ ಬ್ಯಾಂಕಿಗೆ ಹೋಗಿ ವಿಚಾರಿಸಿ. ಪರದೆಯ ಅಂಕಿಯಲ್ಲಿ ನನ್ನದೆಷ್ಟು, ನಿಮ್ಮದೆಷ್ಟು ಎಂದು ಕೇಳಿ. ಬಡ್ಡಿ ಎಷ್ಟು, ಬಳಸದಿದ್ದರೂ ಏನಾದರೂ ಶುಲ್ಕವಿದೆಯೇ, ಹಣ ಎಂದು ವಾಪಸ್ ಕಟ್ಟಬೇಕು ಎಂದು ಕೇಳಿ. ಅರ್ಥವಾಗದಿದ್ದರೆ ಎರಡನೇ ಸಲ ಕೇಳಿ, ಅದರಲ್ಲಿ ಅವಮಾನವೇನಿಲ್ಲ. ಖಾತೆಯಲ್ಲಿ ಹಣ ಕಮ್ಮಿಯಾದರೆ ಮೊದಲು ಸ್ಟೇಟ್‌ಮೆಂಟ್ ತೆಗೆಸಿ. ಮನೆಯವರ ಕಡೆ ಬೆರಳು ತೋರಿಸುವ ಮೊದಲು ಅದನ್ನು ಓದಿ. ಬ್ಯಾಂಕಿನ ಸಾಲಕ್ಕೆ ಬಡ್ಡಿ ಎಷ್ಟೆಂದು ಕಾಗದದಲ್ಲಿ ಬರೆದಿರುತ್ತದೆ, ಕಟ್ಟಿದರೆ ತೀರುತ್ತದೆ. ಟೈಲರಮ್ಮ ಇನ್ನೊಂದು ಸಾಲವನ್ನು, ನಾದಿನಿಯದನ್ನು, ದಿನವೂ ಕಟ್ಟುತ್ತಿದ್ದಾಳೆ. ಅದಕ್ಕೆ ಕೊನೆಯ ಕಂತು ಯಾವುದೆಂದು ಅವಳಿಗೆ ಯಾರೂ ಹೇಳಿಲ್ಲ.