ಸೊಪ್ಪಿನ ಏಟಿಗೆ ಬೀಳದ ಕಲೆ

ಶನಿವಾರ ಸಂಜೆ ಆರು ಗಂಟೆಯವರೆಗೆ ಸರೋವರದ ದಂಡೆಯ ಸೌನಾ ಎಂಬ ಆವಿಸ್ನಾನದ ಮನೆ ಹೆಂಗಸರದು, ಆಮೇಲೆ ಗಂಡಸರದು. ತಾಂಪರೆ ಊರಿನ ಆ ಬಡಾವಣೆಯಲ್ಲಿ ಯಾರ ಮನೆಯ ಸುದ್ದಿಯೂ ಹೆಚ್ಚು ದಿನ ಮುಚ್ಚಿಡಲು ಆಗುತ್ತಿರಲಿಲ್ಲ. ನೀರು ಹಾಕಿ ಆವಿ ಎಬ್ಬಿಸುವ ಬಿಸಿ ಕಲ್ಲೊಲೆಯ ಎದುರು ಮೆಟ್ಟಿಲು ಮೆಟ್ಟಿಲಾಗಿ ಹಾಸಿದ ಹಲಗೆಗಳ ಮೇಲೆ ಎಲ್ಲರೂ ಹುಟ್ಟಿದ ಹಾಗೆ ಕೂತಿರುವಾಗ ಮುಚ್ಚಿಡುವುದಾದರೂ ಏನನ್ನು?

ಮೇಲಿನ ಹಲಗೆ ಸೈಮಾಳದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಆದರೆ ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ನಿವೃತ್ತಿಯಾಗುವವರೆಗೂ ಕಾರು ಓಡಿಸುವುದನ್ನು ಕಲಿಸಿದವಳು ಅವಳು. ಕೆಳಗೆ ಕೂತ ಅರ್ಧದಷ್ಟು ಹೆಂಗಸರು ಅವಳಿಂದಲೇ ಬೈಸಿಕೊಂಡು ಲೈಸೆನ್ಸ್ ಪಡೆದವರು. ಎಪ್ಪತ್ತು ದಾಟಿದ ಮೇಲೂ ಅವಳ ಮಾತಿನ ಗತ್ತು ಇಳಿದಿರಲಿಲ್ಲ.

"ಏನೇ ಇದು, ತೊಡೆ ಮೇಲೆ ಇಷ್ಟು ದೊಡ್ಡ ಕಲೆ?" ಎಂದು ಓಯ್ಲಿ ಅವಳನ್ನು ಕೇಳಿದಳು. ಗುಂಪಿನಲ್ಲೆಲ್ಲ ಹಿರಿಯಳು, ಹಕ್ಕಿಯಂಥ ಮೈಯವಳು.

"ವಿಹ್ತಾದ್ದು. ಹೋದ ವಾರ ಸ್ವಲ್ಪ ಜೋರಾಗಿ ಬಡಕೊಂಡೆ."

"ಸೊಪ್ಪಲ್ಲಿ ಬಡಕೊಂಡ್ಯೋ, ಸೌದೇಲಿ ಬಡಕೊಂಡ್ಯೋ?"

ಎಲ್ಲರೂ ನಕ್ಕರು, ಸೈಮಾಳೂ ನಕ್ಕಳು. ವಿಹ್ತಾ ಎಂದರೆ ಬರ್ಚ್ ಮರದ ಎಳೆ ಕೊಂಬೆಗಳ ಕಟ್ಟು. ಬೆವರುತ್ತಿರುವ ಮೈಗೆ ಅದರಿಂದ ಬಡಿದುಕೊಂಡರೆ ರಕ್ತ ಓಡಾಡುತ್ತದೆ, ಮೈ ಹಗುರಾಗುತ್ತದೆ. ಬೇಸಿಗೆಯ ನಡುವೆ ಸೊಪ್ಪು ಎಳೆಯದಾಗಿದ್ದಾಗ ಕೊಯ್ದು, ಕಟ್ಟಿ, ಫ್ರೀಜರ್‌ನಲ್ಲಿಟ್ಟು, ಚಳಿಗಾಲವಿಡೀ ಸೌನಾಕ್ಕೆ ಒದಗಿಸುತ್ತಿದ್ದವನು ಸೈಮಾಳ ಗಂಡ ತೈಸ್ತೋ. ಬಕೆಟ್ಟಿನ ಬಿಸಿ ನೀರಿನಲ್ಲಿ ಅದ್ದಿದರೆ ಜನವರಿಯಲ್ಲೂ ಹಸಿ ಸೊಪ್ಪಿನ ವಾಸನೆ ಏಳುತ್ತಿತ್ತು. ತೈಸ್ತೋ ಮಾತಿಗಿಂತ ಮೌನ ಹೆಚ್ಚಿನವನು. ಊರಿಗೆ ಅವನು ಗೊತ್ತಿದ್ದದ್ದೇ ಆ ವಾಸನೆಯಿಂದ.

"ನಾನು ಹೇಳಿದ್ನಲ್ಲ, ದಿನಕ್ಕೊಂದು ಸಾಲ್ದು ಕಣೆ, ಎರಡು ತಗೋ" ಎಂದಳು ತೆಲ್ಲೆರ್ವೋ. "ಚರ್ಮ ಗಟ್ಟಿಯಾಗುತ್ತೆ, ಇಂಥಾ ಕಲೆಯೆಲ್ಲ ಬೀಳಲ್ಲ."

ಒಂದು ಕಾಲದಲ್ಲಿ ತೆಲ್ಲೆರ್ವೋ ಬೀದಿ ತುದಿಯಲ್ಲಿ ಕೇಶಾಲಂಕಾರದ ಅಂಗಡಿ ಇಟ್ಟಿದ್ದಳು. ಗಂಡ ಹೃದಯದ ಕಾಯಿಲೆಯಿಂದ ತೀರಿಕೊಂಡ ಮೇಲೆ ವಿಟಮಿನ್ ಇ ಗುಳಿಗೆಯ ಡಬ್ಬಿಗಳನ್ನು ತರಿಸಿ ಗೆಳತಿಯರಿಗೆ ಮಾರುತ್ತಿದ್ದಳು. ಕಾಫಿ, ಏಲಕ್ಕಿ ಬನ್ನು, ಜೊತೆಗೊಂದು ಡಬ್ಬಿ. ಮೋಸ ಅವಳ ರಕ್ತದಲ್ಲೇ ಇರಲಿಲ್ಲ. ಬೇರೆಯವರಿಗೆ ಕೊಡುವ ಮೊದಲು ತಾನು ನುಂಗುತ್ತಿದ್ದಳು, ಮನಸಾರೆ ನಂಬಿದ್ದಳು.

ಸೈಮಾಳ ಹೃದಯ ಎರಡು ವರ್ಷದಿಂದ ತಾಳ ತಪ್ಪಿ ಬಡಿಯುತ್ತಿತ್ತು. ರಕ್ತ ಗಟ್ಟಿಯಾಗದಂತೆ ಆರೋಗ್ಯ ಕೇಂದ್ರದವರು ಒಂದು ಮಾತ್ರೆ ಕೊಟ್ಟಿದ್ದರು. ನಮ್ಮನ್ನು ಕೇಳದೆ ಬೇರೆ ಯಾವ ಔಷಧಿಯನ್ನೂ ತೆಗೆದುಕೊಳ್ಳಬೇಡಿ ಎಂದೂ ಹೇಳಿದ್ದರು. ಆದರೆ ವಿಟಮಿನ್ ಇ ಔಷಧಿಯೇ? ಸೂರ್ಯಕಾಂತಿ ಬೀಜದಲ್ಲಿರುತ್ತದೆ, ಗೋಧಿ ಮೊಳಕೆಯಲ್ಲಿರುತ್ತದೆ, ಡಬ್ಬಿಯ ಮೇಲೆ ಹಳದಿ ಹೂವಿನ ಚಿತ್ರವಿರುತ್ತದೆ. ನನ್ನ ಬಾಯಿ, ನನ್ನ ಗಂಟಲು, ಯಾರಪ್ಪಣೆ ಬೇಕು ಎಂದುಕೊಂಡು ಅವಳು ಆ ರಾತ್ರಿಯಿಂದಲೇ ಎರಡೆರಡು ನುಂಗತೊಡಗಿದಳು.

ಕಲೆಗಳು ಹೆಚ್ಚಾದವು. ತೋಳಿನ ಮೇಲೊಂದು, ಪಕ್ಕೆಯಲ್ಲೊಂದು, ಮಂಡಿಯ ಹಿಂದೆ ಕಪ್ಪು ದ್ರಾಕ್ಷಿಯ ಬಣ್ಣದ್ದೊಂದು. ಓಯ್ಲಿ ಈಗ ಕೇಳುವುದನ್ನು ಬಿಟ್ಟಿದ್ದಳು. ಉಳಿದವರೂ ತಮಾಷೆ ಮಾಡುತ್ತಿರಲಿಲ್ಲ. ಒಂದು ಶನಿವಾರ ಸೈಮಾ ಮೇಲಿನ ಹಲಗೆ ಹತ್ತಿದಾಗ ಕೆಳಗಿನ ಮಾತು ಗಕ್ಕನೆ ನಿಂತಿತು. ಬಕೆಟ್ಟಿನಲ್ಲಿ ತೈಸ್ತೋ ಕಳಿಸಿದ ವಿಹ್ತಾಗಳು ಇದ್ದ ಹಾಗೇ ಇದ್ದವು, ಒಬ್ಬರೂ ಮುಟ್ಟಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ತೆಲ್ಲೆರ್ವೋ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು.

"ನಮ್ಮನೇಲಿ ಒಂದು ಕೋಣೆ ಖಾಲಿ ಬಿದ್ದಿದೆ ಸೈಮಾ. ಯಾವಾಗ ಬೇಕಾದ್ರೂ ಬಾ. ನಾನೇನೂ ಕೇಳಲ್ಲ."

"ನಾನ್ಯಾಕೆ ನಿಮ್ಮನೇಗೆ ಬರಲಿ? ನಂಗೆ ಮನೆ ಇಲ್ವಾ?"

"ಇದೆ. ಅಲ್ಲಿ ಅವನೂ ಇದ್ದಾನಲ್ಲ."

ಅರ್ಥವಾಗಲು ಸೈಮಾಳಿಗೆ ಒಂದು ಕಾಲುಚೀಲ ಹಾಕಿಕೊಳ್ಳುವಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಇನ್ನೊಂದನ್ನು ಹಾಕಿಕೊಳ್ಳಲು ಆಗಲಿಲ್ಲ. ಅದನ್ನು ಜೇಬಿಗೆ ತುರುಕಿ, ಬರಿಗಾಲನ್ನೇ ಬೂಟಿಗೆ ತೂರಿಸಿ, ಹಿಮದಲ್ಲಿ ದಾಪುಗಾಲು ಹಾಕುತ್ತಾ ಮನೆಗೆ ಹೋದಳು.

ತೈಸ್ತೋ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಟವೆಲ್ಲು ಮಡಿಸಿದ ಹಾಗೇ ಇತ್ತು.

"ನೀನು ಸೌನಾಕ್ಕೆ ಹೊರಡಲ್ವಾ?"

"ಇವತ್ತು ಬೇಡ."

"ಹೋದ ವಾರಾನೂ ಬೇಡ ಅಂದೆ."

ತೈಸ್ತೋ ಮೇಜಿನ ಮೇಲಿದ್ದ ರೊಟ್ಟಿಚೂರುಗಳನ್ನು ಬೆರಳಿನಿಂದ ಗುಡ್ಡೆ ಮಾಡಿದ. "ಅದಕ್ಕೂ ಹಿಂದಿನ ವಾರ ಹೋಗಿದ್ದೆ. ಕಲ್ಲಿನ ಮೇಲೆ ನೀರು ಹಾಕೋ ಸೌಟನ್ನ ನನ್ನ ಕೈಗೆ ಯಾರೂ ಕೊಡ್ಲಿಲ್ಲ. ನಾನು ಕೂತ ಹಲಗೆಯಿಂದ ಇಬ್ರು ಎದ್ದು ಹೋದ್ರು."

"ಅಯ್ಯೋ ದೇವರೇ! ಮತ್ತೆ ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ನಾನು ನಿಂಗೆ ಹೊಡೆದಿಲ್ಲ. ಅದು ನಿಂಗೂ ಗೊತ್ತು, ನಂಗೂ ಗೊತ್ತು. ಆ ಕಲೆ ಎಲ್ಲಿಂದ ಬಂತು ಅಂತ ಮಾತ್ರ ಇಬ್ರಿಗೂ ಗೊತ್ತಿಲ್ಲ."

"ವಿಹ್ತಾದಿಂದ ಬಂತು!"

ತೈಸ್ತೋ ಎದ್ದು ಹೋಗಿ, ನೆನೆಸಿಟ್ಟಿದ್ದ ಒಂದು ವಿಹ್ತಾ ತಂದು, ಅಂಗಿಯ ತೋಳು ಮಡಿಸಿ ತನ್ನ ಮುಂಗೈಗೆ ಜೋರಾಗಿ ಬಾರಿಸಿಕೊಂಡ. ನೀರು ಗೋಡೆಗೆಲ್ಲ ಸಿಡಿಯಿತು. ಕೈ ಕೆಂಪಾಯಿತು. ಇಬ್ಬರೂ ನೋಡುತ್ತಾ ಕೂತರು. ಕಾಫಿ ಇಳಿಯುವಷ್ಟರಲ್ಲಿ ಕೆಂಪು ಮಾಯವಾಗಿತ್ತು.

"ನನ್ನ ಸೊಪ್ಪು ಇಂಥಾ ಕೆಲಸ ಮಾಡಲ್ಲ ಕಣೆ" ಎಂದನವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಸೈಮಾಳಿಗೆ ಅದೇ ತಡೆಯಲಾಗಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಆರೋಗ್ಯ ಕೇಂದ್ರದಲ್ಲಿದ್ದಳು. ಯೊನ್ನಾ ಎಂಬ ನರ್ಸ್ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದಳು. ಹತ್ತಿ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಯಂತ್ರದಲ್ಲಿ ಬಂದ ಅಂಕಿ ನೋಡಿ ಯೊನ್ನಾಳ ಮುಖ ಬದಲಾಯಿತು.

"ನಿಮ್ಮ ರಕ್ತ ಇರಬೇಕಾದ್ದಕ್ಕಿಂತ ತುಂಬಾ ತೆಳುವಾಗಿದೆ ಸೈಮಾ. ಹೊಸದಾಗಿ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?"

"ಇಲ್ಲ."

"ನೋವಿನ ಗುಳಿಗೆ? ಗಿಡಮೂಲಿಕೆ? ವಿಟಮಿನ್ನು?"

"ವಿಟಮಿನ್ನು ಔಷಧಿ ಅಲ್ಲ, ಆಹಾರ" ಎಂದು ಸೈಮಾ ಗದ್ದ ಎತ್ತಿದಳು. "ಗೆಳತಿ ಮನೇಲಿ ಕಾಫಿ ಜೊತೆ ತಗೊಂಡಿದ್ದು. ವಿಟಮಿನ್ ಇ. ಬೀಜದಲ್ಲಿರೋದೇ."

"ಎಷ್ಟು ತಗೊಳ್ತೀರಿ?"

ಸೈಮಾ ಕೈಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. "ದಿನಕ್ಕೆರಡು."

ಯೊನ್ನಾ ಡಬ್ಬಿ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದಳು. "ಬೀಜದಲ್ಲಿರೋದು ಬೇರೆ ಲೆಕ್ಕ. ಅಡುಗೆ ಎಣ್ಣೆ, ಬೀಜ, ಬಾದಾಮಿ ತಿನ್ನೋರಿಗೆ ಅದು ಸಾಮಾನ್ಯವಾಗಿ ಊಟದಲ್ಲೇ ಸಿಕ್ಕಿಬಿಡುತ್ತೆ. ಇದರ ಒಂದೇ ಗುಳಿಗೇಲಿ ಹೆಚ್ಚುಕಮ್ಮಿ ಒಂದು ತಿಂಗಳಿಗೆ ಬೇಕಾದಷ್ಟಿದೆ. ಅಷ್ಟು ಒಟ್ಟಿಗೆ ಹೋದ್ರೆ ಇದೂ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ನೀವು ಆಗ್ಲೇ ಅದಕ್ಕೇ ಒಂದು ಮಾತ್ರೆ ತಗೊಳ್ತಿದ್ದೀರಿ."

"ಹಾಗಾದ್ರೆ ಈ ಕಲೆಗಳು..."

"ಒಳಗೆ ಸೋರಿದ ರಕ್ತ. ತೊಡೆಯಲ್ಲಿ ಸೋರಿದ್ದಕ್ಕೆ ಬದುಕಿದ್ದೀರಿ. ಹಿಮದಲ್ಲಿ ಜಾರಿ ಬಿದ್ದು ತಲೆಯೊಳಗೆ ಹೀಗಾಗಿದ್ರೆ?" ಯೊನ್ನಾ ಹೊಸ ಹತ್ತಿ ಒತ್ತಿದಳು. "ಈ ಗುಳಿಗೆ ಇವತ್ತೇ ನಿಲ್ಲಿಸಿ. ನಿಮ್ಮ ಮಾತ್ರೆ ಹೇಗೆ ಮುಂದುವರಿಸಬೇಕು ಅಂತ ಡಾಕ್ಟ್ರು ಈಗ್ಲೇ ಹೇಳ್ತಾರೆ. ಬೇರೆ ಯಾರಾದ್ರೂ ನಿಮ್ಮ ಹಾಗೆ ಎರಡೂ ತಗೊಳ್ತಿದ್ದಾರಾ?"

ಸೈಮಾಳಿಗೆ ಓಯ್ಲಿಯ ನೆನಪಾಯಿತು. ಓಯ್ಲಿಯ ಹೃದಯದಲ್ಲಿ ಲೋಹದ ಕವಾಟವಿದೆ. ಓಯ್ಲಿಗೂ ಅದೇ ಮಾತ್ರೆ. ಎರಡು ವಾರದ ಹಿಂದೆ ತೆಲ್ಲೆರ್ವೋ ಮನೆಯ ಬಾಗಿಲಲ್ಲಿ ಅವಳೂ ಹಳದಿ ಹೂವಿನ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು.

ಮನೆಗೆ ಬಂದವಳೇ ಓಯ್ಲಿಗೆ ಫೋನ್ ಮಾಡಿದಳು. ಓಯ್ಲಿ ಜಗ್ಗಲಿಲ್ಲ. "ತೆಲ್ಲೆರ್ವೋ ನಂಗೆ ಕೆಟ್ಟದ್ದು ಕೊಡ್ತಾಳಾ? ನಿಂಗೇನೋ ಅವಳ ಮೇಲೆ ಸಿಟ್ಟು. ಮನೆ ವಿಷಯ ಮುಚ್ಚೋಕೆ ಗುಳಿಗೆ ಮೇಲೆ ಹಾಕ್ಬೇಡ ಮಾರಾಯ್ತಿ" ಎಂದು ಇಟ್ಟುಬಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ, ಬಾಗಿಲು ಬಡಿದರೂ ತೆಗೆಯಲಿಲ್ಲ. ಸೈಮಾ ಹಲ್ಲು ಕಚ್ಚಿದಳು. ಮುಚ್ಚೋಕೆ ಅಂತೆ! ಹಾಗಾದರೆ ಬಿಚ್ಚಿಯೇ ಹೇಳುತ್ತೇನೆ, ಎಲ್ಲರೆದುರಿಗೆ ಎಂದುಕೊಂಡಳು.

ಸೌನಾದಲ್ಲಿ ಯಾರೂ ದನಿ ಏರಿಸುವುದಿಲ್ಲ. ಹೊರಗೆ ಎಷ್ಟೇ ಕಚ್ಚಾಡಲಿ, ಆ ಹಲಗೆಗಳ ಮೇಲೆ ಜಗಳವಿಲ್ಲ, ಅದು ಅಜ್ಜಿಯರ ಕಾಲದಿಂದ ಬಂದ ಮರ್ಯಾದೆ. ಆ ಶನಿವಾರ ಸೈಮಾ ಗುಳಿಗೆಯ ಡಬ್ಬಿ ಹಿಡಿದುಕೊಂಡೇ ಒಳಗೆ ಬಂದಳು. ಮೇಲಿನ ಹಲಗೆ ಹತ್ತಲಿಲ್ಲ. ಒಲೆಯ ಪಕ್ಕದಲ್ಲಿ, ಎಲ್ಲರ ಎದುರಿಗೆ, ಮೈಮೇಲೆ ಹಳದಿಗೆ ತಿರುಗುತ್ತಿದ್ದ ಕಲೆಗಳನ್ನೆಲ್ಲ ತೋರಿಸಿಕೊಂಡು ನಿಂತಳು.

"ಚೆನ್ನಾಗಿ ನೋಡ್ಕೊಳ್ಳಿ" ಎಂದಳು. "ಇಷ್ಟು ದಿನ ಓರೆಗಣ್ಣಲ್ಲಿ ನೋಡಿದ್ರಲ್ಲ, ಈಗ ನೇರವಾಗೇ ನೋಡಿ. ಇದನ್ನ ಮಾಡಿದ್ದು ತೈಸ್ತೋ ಅಲ್ಲ. ಇದು" ಎಂದು ಡಬ್ಬಿ ಅಲ್ಲಾಡಿಸಿದಳು. "ನನ್ನ ಹೃದಯದ ಮಾತ್ರೆ ಜೊತೆ ಇದನ್ನೂ ನುಂಗಿ ಒಳಗೇ ರಕ್ತ ಸೋರಿಸ್ಕೊಂಡೆ. ಓಯ್ಲಿ, ನಿಂಗೂ ಅದೇ ಮಾತ್ರೆ. ನಿನ್ನ ಮಣಿಕಟ್ಟು ತೋರ್ಸು."

ಓಯ್ಲಿ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

"ಸೈಮಾ, ಸೌನಾದಲ್ಲಿ ಹೀಗೆಲ್ಲ ಕೂಗಾಡಬಾರ್ದು" ಎಂದು ಯಾರೋ ಮೆಲ್ಲಗೆ ಅಂದರು.

"ಕೂಗಾಡಬಾರ್ದಾ? ಬಾಯಿ ಮುಚ್ಕೊಂಡು ಕೂತು ಒಬ್ಬ ಗಂಡಸಿನ ಮಾನ ಕಳೀಬಹುದು, ಕೂಗಿ ಒಂದು ಜೀವ ಉಳಿಸಬಾರ್ದು, ಅಲ್ವಾ? ಕೂಗ್ತೀನಿ. ಬೇಡ ಅನ್ನೋರು ಹೊರಗೆ ಹೋಗಿ."

ಯಾರೂ ಹೋಗಲಿಲ್ಲ. ತೆಲ್ಲೆರ್ವೋ ಎದ್ದು ನಿಂತಳು.

"ನಾನು ವಿಷ ಮಾರ್ತೀನಿ ಅಂತೀಯಾ? ನನ್ನ ಗಂಡನಿಗೆ ಆಸ್ಪತ್ರೆಯವರು ಕೊಡ್ತಿದ್ದ ಮಾತ್ರೆ ಒಂದು ಹಿಡಿ. ಉಳಿದನಾ? ಅವನು ಹೋದ ಮೇಲೆ ಅವರಲ್ಲಿ ಒಬ್ರೂ ನನ್ನ ಜೊತೆ ಕೂತು ಎರಡು ಮಾತಾಡ್ಲಿಲ್ಲ. ನಂಗೆ ಮೊದಲ ಡಬ್ಬಿ ಕೊಟ್ಟ ಹೆಂಗಸು ನನ್ನ ಅಡುಗೆಮನೇಲಿ ಕೂತು ನನ್ನ ಜೊತೆ ಅತ್ತಳು. ನಾನೂ ದಿನಾ ನುಂಗ್ತೀನಿ. ನಂಗೇನಾಗಿದೆ?"

"ನಿಂಗೆ ರಕ್ತದ ಮಾತ್ರೆ ಇಲ್ಲ, ಅದಕ್ಕೇ ಏನೂ ಆಗಿಲ್ಲ" ಎಂದಳು ಸೈಮಾ. ಈಗ ಅವಳ ದನಿ ಇಳಿದಿತ್ತು, ಗತ್ತು ಇಳಿದಿರಲಿಲ್ಲ. "ನೀನು ಕೆಟ್ಟವಳಲ್ಲ ಅಂತ ನಂಗೆ ಗೊತ್ತು. ನಂಗೆ ಕೋಣೆ ಕೊಡ್ತೀನಿ ಅಂದವಳು ನೀನೊಬ್ಳೇ. ಆದ್ರೆ ಕೇಳು. ಒಂದು ತಿಂಗಳಲ್ಲಿ ಹಾಕೋ ನೀರನ್ನೆಲ್ಲ ಒಂದೇ ಸಲ ಈ ಕಲ್ಲಿನ ಮೇಲೆ ಸುರಿದ್ರೆ ಇಲ್ಲಿ ಯಾರು ಉಳೀತಾರೆ? ನೀರು ಒಳ್ಳೇದೇ. ಓಯ್ಲಿ ನಾಳೆ ಹಿಮದಲ್ಲಿ ಜಾರಿ ತಲೆ ಬಡಿಸ್ಕೊಂಡ್ರೆ ಆ ಹೆಂಗಸು ಬಂದು ಅಳ್ತಾಳಾ? ಅಳಬೇಕಾದೋಳು ನೀನು."

ತೆಲ್ಲೆರ್ವೋ ಸೈಮಾಳ ಕೈಯಿಂದ ಡಬ್ಬಿ ಕಿತ್ತುಕೊಂಡು ಹೊರಗೆ ಹೋದಳು. ಬಾಗಿಲು ದಡ್ಡನೆ ಬಡಿಯಿತು. ಸೈಮಾ ಒಲೆಯ ಪಕ್ಕದಲ್ಲೇ ನಿಂತಿದ್ದಳು.

ತೆಲ್ಲೆರ್ವೋ ಮನೆಗೆ ಹೋದಳೆಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಬಾಗಿಲು ಮತ್ತೆ ತೆರೆಯಿತು. ಅವಳು ಓದುವ ಕನ್ನಡಕ ಹಾಕಿಕೊಂಡೇ ಒಳಗೆ ಬಂದಿದ್ದಳು, ಗಾಜಿಗೆ ಆಗಲೇ ಆವಿ ಕಟ್ಟುತ್ತಿತ್ತು.

"ಬರೆದಿದೆ" ಎಂದಳು. "ರಕ್ತದ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ಬೇಕು ಅಂತ ಹಿಂದುಗಡೆ, ಇರುವೆ ಸಾಲಿನ ಹಾಗೆ ಬರೆದಿದೆ. ನಾನು ಮುಂದಿನ ಹೂವು ಮಾತ್ರ ನೋಡಿದ್ದೆ."

ಅವಳು ಓಯ್ಲಿಯ ಪಕ್ಕ ಕೂತು ಅವಳ ಕೈಯನ್ನು ಮಡಿಲಿಂದ ಮೆಲ್ಲಗೆ ಎತ್ತಿದಳು. ಮಣಿಕಟ್ಟಿನ ಸುತ್ತ ನೀಲಿ ಕಲೆ ಬಳೆಯ ಹಾಗೆ ಹಬ್ಬಿತ್ತು. ತೆಲ್ಲೆರ್ವೋ ಬಹಳ ಹೊತ್ತು ಅದನ್ನೇ ನೋಡಿದಳು.

"ಇವತ್ತೇ ಆಸ್ಪತ್ರೆಗೆ ಹೋಗೋಣ. ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ನಿನ್ನ ಡಬ್ಬೀನೂ ತಗೋ, ಅವರಿಗೆ ತೋರ್ಸೋಣ. ಮಾರಿದ್ದು ನಾನೇ ಅಂತ ನಾನೇ ಹೇಳ್ತೀನಿ."

"ತೆಲ್ಲೆರ್ವೋ, ನೀನು ಬೈಸ್ಕೊಳ್ತೀಯಲ್ಲೇ" ಎಂದಳು ಓಯ್ಲಿ.

"ಬೈಯಲಿ. ಸೈಮಾ ಹತ್ರ ಡ್ರೈವಿಂಗ್ ಕಲ್ತೋಳು ನಾನು, ನಂಗೇನು ಬೈಗುಳ ಹೊಸದಾ?"

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ತೆಲ್ಲೆರ್ವೋ ಎದ್ದು ಬಕೆಟ್ಟಿನ ಹತ್ತಿರ ಹೋದಳು. ವಾರಗಳಿಂದ ಯಾರೂ ಮುಟ್ಟದ ವಿಹ್ತಾಗಳಲ್ಲಿ ಒಂದನ್ನು ಎತ್ತಿ, ನೀರು ಕೊಡವಿ, ಸೈಮಾಳ ಕೈಗೆ ಕೊಟ್ಟಳು. ಆಮೇಲೆ ಅವಳಿಗೆ ಬೆನ್ನು ಮಾಡಿ ನಿಂತಳು.

"ಹೊಡಿ."

"ಏನೇ ನೀನು?"

"ಹೊಡಿ ಅಂದ್ನಲ್ಲ. ಗಟ್ಟಿಯಾಗಿ ಹೊಡಿ. ಎಲ್ರೂ ನೋಡ್ಲಿ."

ಸೈಮಾ ಹೊಡೆದಳು. ಮೊದಲು ಮೆತ್ತಗೆ, ಆಮೇಲೆ ಸಿಟ್ಟಿದ್ದಷ್ಟೂ, ಗೆಳೆತನವಿದ್ದಷ್ಟೂ ಜೋರಾಗಿ. ಹಸಿರು ಎಲೆಗಳು ಹಲಗೆಗಳ ಮೇಲೆ, ಒಲೆಯ ಕಲ್ಲುಗಳ ಮೇಲೆ, ಓಯ್ಲಿಯ ನರೆಗೂದಲಿನಲ್ಲಿ ಉದುರಿದವು. ಸೌನಾ ತುಂಬಾ ಬರ್ಚ್ ಸೊಪ್ಪಿನ ವಾಸನೆ ಹಬ್ಬಿತು. ಕೊನೆಗೆ ಸೈಮಾಳ ತೋಳು ಸೋತಿತು.

ತೆಲ್ಲೆರ್ವೋ ಬೆನ್ನನ್ನು ಎಲ್ಲರ ಕಡೆಗೆ ತಿರುಗಿಸಿ, ಕೈಕಟ್ಟಿ ನಿಂತುಕೊಂಡಳು. ಬೆನ್ನೆಲ್ಲ ಕೆಂಪಾಗಿತ್ತು. ಅವಳು ಅಲುಗಾಡಲಿಲ್ಲ. ನೋಡನೋಡುತ್ತಿದ್ದ ಹಾಗೆ ಕೆಂಪು ತಿಳಿಯಾಯಿತು, ಆಮೇಲೆ ಎಲ್ಲರ ಬೆನ್ನಿನ ಬಣ್ಣಕ್ಕೇ ಬಂತು. ಒಂದು ಕಲೆಯೂ ಉಳಿಯಲಿಲ್ಲ.

"ನೋಡಿದ್ರಾ?" ಎಂದಳು ತೆಲ್ಲೆರ್ವೋ. "ಮನೇಗೆ ಹೋಗಿ ನಿಮ್ಮ ಗಂಡಂದಿರಿಗೂ ಹೇಳಿ."

ಸೈಮಾ ಮನೆಗೆ ಬಂದಾಗ ತೈಸ್ತೋ ಕಿಟಕಿಯ ಹತ್ತಿರ ಕೂತಿದ್ದ. ಅವಳು ವಿಹ್ತಾವನ್ನು ಅವನ ಮುಂದಿಟ್ಟಳು. ಒಂದು ಎಲೆಯೂ ಉಳಿಯದೆ ಅದು ಬರೀ ಕಡ್ಡಿಗಳ ಕಟ್ಟಾಗಿತ್ತು. ತೈಸ್ತೋ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾರು ಬಳಸಿದ್ದು?"

"ತೆಲ್ಲೆರ್ವೋ. ಕೇಳಿ ಹೊಡಿಸ್ಕೊಂಡ್ಲು."

ತೈಸ್ತೋನ ಕಣ್ಣು ತುಂಬಿ ಬಂತು. ಅವನು ಮೂಗೊರೆಸಿಕೊಂಡು ಎದ್ದು, ಫ್ರೀಜರ್ ತೆಗೆದು, ಹೊಸ ವಿಹ್ತಾ ಒಂದನ್ನು ಹೊರಗೆಳೆದ. ಒಂದು ಕ್ಷಣ ಯೋಚಿಸಿ ಇನ್ನೊಂದನ್ನೂ ತೆಗೆದ. ಆರು ಗಂಟೆಯಾಗುತ್ತಿತ್ತು. ಅವನು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಸೌನಾಕ್ಕೆ ಹೊರಟ.