ಅಮೆರಿಕಾದ ಪ್ಲೇಟು

ದೇರಪ್ಪನವರಿಗೆ ಅಮೆರಿಕಾ ಸಿಕ್ಕಿದ್ದು ಒಂದು ಗ್ರಾಮಫೋನ್ ಪ್ಲೇಟಿನಲ್ಲಿ. ಅಷ್ಟಕ್ಕೇ ಅವರು ಆ ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಬಂದವರ ಹಾಗೆ ಮಾತಾಡತೊಡಗಿದರು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ, ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳಿದ್ದ ಕಾಲ ಅದು. ಸುಂಟಿಕೊಪ್ಪದ ಆಚೆ, ಪಕ್ಕದ ಎಸ್ಟೇಟಿನ ಬಂಗಲೆಗೆ ಒಬ್ಬ ಅಮೆರಿಕಾದ ದೊರೆ ಬಂದು ಉಳಿದಿದ್ದ. ಅವನ ಹತ್ತಿರ ಸದ್ದು ಹಿಡಿಯುವ ಪೆಟ್ಟಿಗೆಯಿತ್ತು. ದುಬಾರೆಯಲ್ಲಿ ಆನೆ ನೀರಿಗಿಳಿಯುವುದು, ಪೇಟೆಯ ಬಸ್ಸಿನ ಹಾರನ್ನು, ದೇರಪ್ಪನವರ ತೋಟದಲ್ಲಿ ಹೆಂಗಸರು ಕಾಫಿ ಕುಯ್ಯುತ್ತ ಬೈದಾಡುವುದು, ಎಲ್ಲವನ್ನೂ ಅವನು ಹಿಡಿದುಕೊಂಡ. ಹೊರಡುವಾಗ ತನ್ನ ಊರಿನ ಸದ್ದಿನ ಪ್ಲೇಟೊಂದನ್ನು ದೇರಪ್ಪನವರ ಕೈಗಿಟ್ಟು ಹೋದ.

ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ. ಅಲ್ಲಿಯ ಒಂದು ಮನೆಯ ಬೆಳಗು. ಅಲಾರಾಂ ಬಡಿದುಕೊಳ್ಳುತ್ತದೆ, ಕಾವಲಿಯ ಮೇಲೆ ಮೊಟ್ಟೆ ಚುರ್ ಅನ್ನುತ್ತದೆ, ಬಾಗಿಲು ಧಡ್ ಅನ್ನುತ್ತದೆ, ಕಾರು ಕೆಮ್ಮಿ ಹೊರಡುತ್ತದೆ, ಒಂದು ಮಗು ಅಳುತ್ತದೆ. ದೇರಪ್ಪನವರು ನೆಂಟರನ್ನು ಕೂರಿಸಿ, ಬೆರಳೆತ್ತಿ, "ಕೇಳಿ, ಇದ್ ಅಮೆರಿಕಾದ ಮೊಟ್ಟೆ" ಎನ್ನುತ್ತಿದ್ದರು. ನಮ್ಮ ಮೊಟ್ಟೆಯೂ ಹಾಗೇ ಅಲ್ಲವೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕುಡಿಯುತ್ತಿದ್ದ ಕಾಫಿ ಅವರ ಮನೆಯದು.

ಅದೇ ಹಂಗಾಮಿನಲ್ಲಿ, ಸಾಲಾಗಿ ಹೆಣ್ಣುಮಕ್ಕಳಾದ ಮೇಲೆ, ಅವರ ಹೆಂಡತಿ ಪ್ರೇಮಾವತಿ ಗಂಡು ಹೆತ್ತಳು. ಹೆತ್ತವಳಿಗೆ ಜ್ವರ ಹತ್ತಿ ಎದೆ ಬತ್ತಿತು. ದನದ ಹಾಲು ಕುಡಿಸಿದರೆ ಮಗು ಕಕ್ಕುತ್ತಿತ್ತು. ಮನೆಯ ಯಜಮಾನಿಕೆ ದೇರಪ್ಪನವರ ತಾಯಿ ಬೊಳ್ಳಮ್ಮನದು. ಅವರು ಕೂಲಿಯವರ ಮನೆಸಾಲಿನ, ಲೈನಿನ, ಕಡೆ ಕಣ್ಣು ಹಾಯಿಸಿದರು. ತಿತಿಮತಿ ಕಡೆಯಿಂದ ಕೆಲಸಕ್ಕೆ ಬಂದಿದ್ದ ಸಣ್ಣಿಯ ಕೂಸು ಆಗಷ್ಟೇ ಸತ್ತಿತ್ತು.

ಅದು ಸತ್ತ ಬಗೆಯನ್ನೂ ಹೇಳಿಬಿಡುತ್ತೇನೆ. ಕಾಫಿ ಪಿಕ್ಕಿಂಗ್ ಜೋರಾಗಿತ್ತು. ಸಣ್ಣಿ ಮರದ ಕೊಂಬೆಗೆ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ ಹಣ್ಣು ಕುಯ್ಯುತ್ತಿದ್ದಳು. ಅದು ಅಳತೊಡಗಿತು. ಅವಳು ಬುಟ್ಟಿ ಇಳಿಸಿದ್ದೇ ತಡ, ತೋಟದ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಕುಟ್ಟಪ್ಪ ಗದರಿದ: "ಸಾಲು ಮುಗ್ಸಿ ಹೋಗು. ಅತ್ರೆ ಮಕ್ಳು ಗಟ್ಟಿ ಆಗ್ತಾವೆ." ಅವಳು ಮುಗಿಸಿಯೇ ಹೋದಳು. ಅಷ್ಟರಲ್ಲಿ ಅಳು ನಿಂತಿತ್ತು. ನಿದ್ದೆ ಹೋಯಿತೆಂದು ಅವಳಿಗೆ ಸಮಾಧಾನವಾಯಿತಂತೆ. ಮುಟ್ಟಿದರೆ ಮೈ ಕೆಂಡ. ಮಾರನೆಯ ದಿನ ಅದು ತೀರಿಕೊಂಡಿತು. ಹೆಸರಿಡುವುದರೊಳಗೇ ಹೋದ ಕೂಸನ್ನು ಚಿಕ್ಕ ಎನ್ನುವ ಅವಳ ಗಂಡ ಲೈನಿನ ಹಿಂದಿನ ದಿಣ್ಣೆಯಲ್ಲಿ ಹೂತು ಬಂದ.

ಬೊಳ್ಳಮ್ಮ ಸಣ್ಣಿಗೆ ಸೀಗೆಪುಡಿ ಹಾಕಿಸಿ ಮೀಯಿಸಿದರು, ಒಗೆದ ಸೀರೆ ಕೊಟ್ಟರು, ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದರು. ಬೆಳ್ಳುಳ್ಳಿ, ಮೆಂತ್ಯ, ಒಣಮೀನು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ. ಕೊಟ್ಟಿಗೆಯ ದನಗಳನ್ನೂ ಅವರು ಹಾಗೇ ನೋಡಿಕೊಳ್ಳುತ್ತಿದ್ದರು.

ಆದರೂ ಸಣ್ಣಿಯ ಹಾಲು ದಿನದಿಂದ ದಿನಕ್ಕೆ ಇಳಿಯಿತು. ಮಗು ಬಾಯಿ ಹಾಕಿದರೂ ಅವಳ ಕಣ್ಣು ಕಿಟಕಿಯಾಚೆಯ ದಿಣ್ಣೆಯ ಮೇಲೆ. ಹೀಗಿರುವಾಗ ಒಂದು ದಿನ ದೇರಪ್ಪನವರು ಯಾರಿಗೋ ಪ್ಲೇಟು ಹಾಕಿದರು. ಅಲಾರಾಂ ಆಯಿತು, ಮೊಟ್ಟೆ ಆಯಿತು, ಕಾರು ಆಯಿತು. ಮಗು ಅತ್ತಿತು. ಹಿಂದಿನ ಕೋಣೆಯಿಂದ ಸಣ್ಣಿ ಓಡಿ ಬಂದು ಬಾಗಿಲಲ್ಲಿ ನಿಂತಳು. ಸೀರೆಯ ಮುಂಭಾಗ ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು.

ಬೊಳ್ಳಮ್ಮ ಕೂತಲ್ಲಿಂದಲೇ ಕೂಗಿದರು. "ದೇರಪ್ಪಾ, ಮುಂದೆ ಬುಡ್ಬೇಡ! ಅಳುದನ್ನೇ ಇನ್ನೊಂದ್ಸಲ ಹಾಕ್!"

"ಎಂಥಕ್ಕವ್ವ?"

"ಕರು ಸತ್ತ ದನಕ್ಕೆ ತೊಗಲಿಗೆ ಹುಲ್ಲು ತುಂಬಿ ಎದ್ರಿಗೆ ನಿಲ್ಸುದಿಲ್ಲೆನಾ? ಅದ್ ನೆಕ್ಕಿಕಂಡ್ ಹಾಲ್ ಇಳಿಸುದಿಲ್ಲೆನಾ? ಹಾಕ್, ಹಾಕ್."

ದೇರಪ್ಪನವರು ಮುಳ್ಳೆತ್ತಿ ಹಿಂದಕ್ಕಿಟ್ಟರು. ಸಣ್ಣಿ ಕೇಳಿದಳು: "ಸಾವ್ಕಾರ್ರೆ, ಅದು ಯಾರ ಕೂಸು?"

ಆಗ ನಿಜ ಹೇಳಬಹುದಿತ್ತು. ದೇರಪ್ಪನವರಿಗೆ ತಮಾಷೆ ಹೊಳೆಯಿತು. "ನಿಂದೇ! ಅವತ್ತು ಆ ದೊರೆ ಪೆಟ್ಟಿಗೆ ಹಿಡ್ಕೊಂಡು ತೋಟದಲ್ಲಿ ನಿಂತಿರ್ಲಿಲ್ವಾ? ನಿನ್ನ ಕೂಸಿನ ದನಿ ಹಿಡಿದು ಕೊಟ್ಟು ಹೋಗಿದಾನೆ."

ದೊರೆ ನಿಂತಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕೂಸು ಅತ್ತದ್ದೂ ಅದೇ ಹೊತ್ತಿನಲ್ಲಿ. ನಂಬದೆ ಏನು ಮಾಡಿಯಾಳು? ನೆಲದಲ್ಲಿ ಕೂತು, ಗ್ರಾಮಫೋನ್ ಪೆಟ್ಟಿಗೆಯ ಕಾಲನ್ನು ತಬ್ಬಿಕೊಂಡಳು. "ಅದನ್ನ ನಂಗೆ ಕೊಡಿ. ಕೂಸಿನ ಪಕ್ಕದಲ್ಲಿ ಹೂಳ್ತೀನಿ. ಅದರ ದನಿ ಅದಕ್ಕೇ ಸೇರ್ಲಿ, ಸುಮ್ನಾಗ್ಲಿ."

"ನಮ್ಮ ಮಗ ಅನ್ನ ಉಣ್ಣೋವರೆಗೆ ಹಾಲು ಕೊಡು," ಎಂದರು ದೇರಪ್ಪನವರು, "ಆಮೇಲೆ ಕೊಡ್ತೀನಿ."

ಅಂದಿನಿಂದ ಹಾಲೂಡುವ ಮುಂಚೆ ಪ್ಲೇಟು ಹಾಕುವುದು ಮನೆಯ ಕೆಲಸಗಳಲ್ಲಿ ಒಂದಾಯಿತು. ಅಳು ಮುಗಿಯುತ್ತಿದ್ದಂತೆ ಮುಳ್ಳು ಎತ್ತುವುದು. ಮುಂದೇನಿದೆಯೆಂದು ಸಣ್ಣಿಗೆ ಗೊತ್ತಾಗಲೇ ಇಲ್ಲ. ಯಜಮಾನರ ಮಗ ಗುಂಡುಗುಂಡಗಾದ. ಸಣ್ಣಿಯ ಕೆನ್ನೆ ಒಳಗೆ ಹೋಯಿತು. ಪ್ರತಿ ಸಲವೂ ಅವಳು, "ಇನ್ನೂ ಯಾರೂ ಎತ್ಕೊಂಡಿಲ್ವಾ ಅದನ್ನ?" ಎಂದು ಪೆಟ್ಟಿಗೆಯನ್ನೇ ಕೇಳುತ್ತಿದ್ದಳು. ಕರೆದುಕೊಂಡು ಹೋಗಲು ಗಂಡ ಚಿಕ್ಕ ಬಂದರೆ, ಪ್ಲೇಟು ಸಿಗದೆ ಬರುವುದಿಲ್ಲವೆಂದು ಕಳಿಸಿದಳು. ಪ್ರೇಮಾವತಿ ಒಬ್ಬಳೇ ಗಂಡನಿಗೆ, "ಪಾಪ, ಹೇಳಿಬುಡಿ" ಎಂದಳು. "ಹಾಲ್ ಯಾರ್ ಕೊಡ್ದು, ನೀನಾ?" ಎಂದರು ದೇರಪ್ಪನವರು. ಬತ್ತಿದ ಎದೆಯವಳು ಒಳಗೆ ಹೋದಳು.

ಮಗುವಿಗೆ ಅನ್ನ ಉಣ್ಣಿಸುವ ದಿನ ಬಂತು. ಹಂದಿ ಕುಯ್ದಿದ್ದರು. ಜಗಲಿಯ ತುಂಬ ನೆಂಟರು, ಗ್ಲಾಸು ತುಂಬಿಸಲು ರೈಟರ್ ಕುಟ್ಟಪ್ಪ. ಮಗುವಿನ ಬಾಯಿಗೆ ಅನ್ನ ಮುಟ್ಟಿಸಿದ್ದೇ, ಸಣ್ಣಿ ಮೆಟ್ಟಿಲ ಕೆಳಗೆ ಬಂದು ನಿಂತಳು.

"ಸಾವ್ಕಾರ್ರೆ, ಪ್ಲೇಟು."

ದೇರಪ್ಪನವರಿಗೆ ಆಗಲೇ ಏರಿತ್ತು. ನೆಂಟರಿಗೆ ಮೊದಲಿನಿಂದ ಎಲ್ಲವನ್ನೂ ಹೇಳಿದರು: ಹುಲ್ಲಿನ ಕರು, ದೊರೆಯ ಪೆಟ್ಟಿಗೆ, ಪ್ಲೇಟು ಹೂಳುವ ಆಸೆ. ಅವರ ಭಾವ ಕೂಸಪ್ಪ ನಕ್ಕು ನಕ್ಕು ಕೆಮ್ಮಿದ. "ಅಮೆರಿಕಾದ ಕೂಸಿಗೆ ನಮ್ಮ ಸಣ್ಣಿ ಅವ್ವ!"

ಸಣ್ಣಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಸುಳ್ಳು ಹೇಳ್ತಿದೀರಿ. ಅದು ನಂದೇ. ಕೊಡದೆ ಇರಕ್ಕೆ ಹಿಂಗಂತೀರಿ."

"ಹಂಗಾರೆ ಪೂರ್ತಿ ಕೇಳು," ಎಂದು ದೇರಪ್ಪನವರು ಪೆಟ್ಟಿಗೆ ತರಿಸಿ ಕೀಲಿ ತಿರುಗಿಸಿದರು.

ಮಗು ಅತ್ತಿತು. ಸಣ್ಣಿಯ ಸೀರೆ ಒದ್ದೆಯಾಯಿತು. ಅದನ್ನು ಕಂಡು ಗಂಡಸರು ಮತ್ತೂ ನಕ್ಕರು. ಈ ಸಲ ಮುಳ್ಳು ಎತ್ತಲಿಲ್ಲ. ಬಿರಬಿರನೆ ಬರುವ ಹೆಜ್ಜೆ ಕೇಳಿಸಿತು. ಬಾಗಿಲು ತೆರೆಯಿತು. ಒಬ್ಬಳು ಹೆಂಗಸು ಅದೇನೋ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದಳು. ಮಾತು ತಿಳಿಯದಿದ್ದರೂ ಅದು ಏನೆಂದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಮಗು ಬಿಕ್ಕಿತು, ಸುಮ್ಮನಾಯಿತು, ಆಮೇಲೆ ಕಿಲಕಿಲ ನಕ್ಕಿತು.

"ಅವಳು ಬಂದ್ಲು," ಎಂದಳು ಸಣ್ಣಿ.

ದೇರಪ್ಪನವರು ಮುಳ್ಳೆತ್ತಿದರು.

"ಹಂಗಾರೆ ನಂದಲ್ಲ. ನಂದು ಅತ್ತಾಗ ಯಾರೂ ಬರ್ಲಿಲ್ಲ."

ಕುಟ್ಟಪ್ಪ ತಲೆ ತಗ್ಗಿಸಿಕೊಂಡು ಗ್ಲಾಸು ಒರೆಸುತ್ತಿದ್ದ. ಸಣ್ಣಿ ಲೈನಿನ ಕಡೆ ಹೊರಟಳು. ಅವಳು ಹೋಗುವುದನ್ನು ಕಂಡು ಯಜಮಾನರ ಮಗ ಬಾಯಲ್ಲಿದ್ದ ಅನ್ನವನ್ನು ಉಗುಳಿ ಕಿರುಚಿದ. ಬೊಳ್ಳಮ್ಮ ಎತ್ತಿದರು, ಪ್ರೇಮಾವತಿ ಎತ್ತಿದಳು. ಅವನು ಸುಮ್ಮನಾಗಲಿಲ್ಲ. ಸಣ್ಣಿ ಅಂಗಳದ ನಡುವೆ ನಿಂತಳು. ಅವಳು ಹೋಗಿಬಿಡಬೇಕಿತ್ತು. ಹೋಗಿಬಿಟ್ಟಳೆಂದು ಬರೆಯಲು ನನಗೂ ಆಸೆಯಿತ್ತು. ಆದರೆ ಮಗು ಅಳುತ್ತಿತ್ತು. ಅವಳು ತಿರುಗಿ ಬಂದಳು, ಮೆಟ್ಟಿಲ ಮೇಲೆ ಕೂತು ಕೈ ಚಾಚಿ ಅವನನ್ನು ಇಸಿದುಕೊಂಡು, ಎಲ್ಲರೆದುರೇ ಎದೆಗೆ ಹಾಕಿಕೊಂಡಳು. ಅವಳ ಕಣ್ಣಿಂದ ನೀರು ಅವನ ತಲೆಯ ಮೇಲೆ ಬೀಳುತ್ತಿತ್ತು. ಅವನು ಗಟಗಟ ಕುಡಿದ.

ಬೊಳ್ಳಮ್ಮ ನೆಮ್ಮದಿಯಿಂದ ಎಲೆಗೆ ಸುಣ್ಣ ಸವರಿದರು.

"ಕಂಡ್ರಾ," ಎಂದರು ನೆಂಟರಿಗೆ, "ಇನ್ ಪ್ಲೇಟೂ ಬೇಡ."