ಮಾವ ಆರಿಸದ ಪೆಟ್ಟಿಗೆ

2025ರ ಮಾರ್ಚ್ 3, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಸೊಸೆ ನಡುಮನೆಯ ಕಪಾಟಿನ ಹಿಂದೆ ಕೈ ತೂರಿಸಿ, ಇಪ್ಪತ್ತೊಂದು ವರ್ಷದಿಂದ ಹಗಲಿರುಳು ಹಾಕಿಯೇ ಇದ್ದ ಒಂದು ಸ್ವಿಚ್ಚನ್ನು ಆರಿಸಿದಳು. ಬೆರಳಿಗೆ ಜೇಡರ ಬಲೆ ಅಂಟಿತು. ಅದನ್ನು ಕರವಸ್ತ್ರಕ್ಕೆ ಒರೆಸಿ, ಚೀಲದಿಂದ ಪುಟ್ಟ ನೋಟ್‌ಬುಕ್ ತೆಗೆದು ದಿನಾಂಕ, ವೇಳೆ ಎರಡನ್ನೂ ಬರೆದುಕೊಂಡು, ಏನೂ ನಡೆದಿಲ್ಲವೆಂಬಂತೆ ಕೆಲಸಕ್ಕೆ ಹೊರಟಳು.

ಅವಳ ಕೆಲಸವೇ ಅಂಥದ್ದು. ಮನೆಮನೆಗಳಿಂದ ಕಿತ್ತು ತಂದ ವಿದ್ಯುತ್ ಮೀಟರುಗಳು ಸರಿಯಾಗಿ ಓಡುತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಅಳೆಯದೆ ಯಾವ ಮಾತನ್ನೂ ಆಡಳು. ಅತ್ತೆ ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ ಎರಡು ಸಲ ರುಚಿ ನೋಡಿಯೇ ಹೇಳುವವಳು. ಗಂಡ ರೈಲಿನ ಗಾರ್ಡು. ವಾರದಲ್ಲಿ ನಾಲ್ಕು ದಿನ ಊರೂರು ಸುತ್ತುತ್ತಾನೆ. ಹಾಗಾಗಿ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಮೂವರೇ: ಅವಳು, ಅತ್ತೆ, ಮಾವ.

ಮಾವನಿಗೆ ಅರವತ್ತೊಂದು. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಓಡುತ್ತಿರುವ ಪಂಪಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಒಳಗಿನ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಾರೆ. ಅವರು ಹೇಳಿದ್ದು ತಪ್ಪಿದ್ದು ಕಡಿಮೆ. ವರ್ಕ್‌ಶಾಪಿನಲ್ಲಿ ಅವರ ಸ್ವಂತ ಹೆಸರು ಎಂದೋ ಮಾಸಿಹೋಗಿದೆ. ಎಲ್ಲರಿಗೂ ಅವರು ‘ಕಿವಿಯಣ್ಣ’.

ಸ್ವಿಚ್ಚಿನ ವಿಷಯದಲ್ಲಿ ಮಾವ ಸೊಸೆಗಿಂತ ಒಂದು ಕೈ ಮೇಲೆ. ಊಟವಾದ ಮೇಲೆ ಮನೆಯಲ್ಲಿ ಒಂದು ಸುತ್ತು ಹಾಕುತ್ತಾರೆ. ಟೀವಿಯನ್ನು ರಿಮೋಟಿನಲ್ಲಿ ಆರಿಸಿದರೆ ಅವರ ಲೆಕ್ಕದಲ್ಲಿ ಅದು ಆರಿದಂತಲ್ಲ. ಗೋಡೆಯ ಸ್ವಿಚ್ಚೂ ಟಕ್ಕೆನ್ನಬೇಕು. ಮೈಕ್ರೋವೇವ್ ಒಲೆಯ ಗಡಿಯಾರ, ಬಟ್ಟೆ ಒಗೆಯುವ ಯಂತ್ರ, ಗೋಡೆಗೆ ಸುಮ್ಮನೆ ಜೋತುಬಿದ್ದ ಫೋನಿನ ಚಾರ್ಜರು, ಯಾವುದಕ್ಕೂ ವಿನಾಯಿತಿ ಇಲ್ಲ. “ನೋಡು, ಎಲ್ಲ ಮಕ್ಕಳನ್ನೂ ಮಲಗಿಸಿ ಬರ್ತಾರೆ,” ಎಂದು ಅತ್ತೆ ನಗುತ್ತಾರೆ. “ನನ್ನ ಸವತಿ ಒಬ್ಬಳನ್ನ ಬಿಟ್ಟು.”

ಸವತಿ ಎಂದರೆ ಕಪಾಟಿನ ಕೆಳಗಿನ ಖಾನೆಯಲ್ಲಿರುವ ಹಳೆಯ ಆಂಪ್ಲಿಫೈಯರು. ಕಪ್ಪು ಬಣ್ಣದ, ಎರಡು ಇಟ್ಟಿಗೆಯಷ್ಟು ಭಾರದ ಪೆಟ್ಟಿಗೆ. ಅದರಲ್ಲಿ ಹಾಡು ಕೇಳಿ ವರ್ಷಗಳಾದವು. ಮುಂದಿನ ಕೆಂಪು ದೀಪ ಸುಟ್ಟುಹೋಗಿ ಅದಕ್ಕೂ ಹೆಚ್ಚು ಕಾಲವಾಯಿತು. ಆದರೂ ಅದು ಹಾಡದೆಯೂ ಕರೆಂಟು ಕುಡಿಯುತ್ತ ಹಗಲಿರುಳು ಸ್ಟ್ಯಾಂಡ್‌ಬೈನಲ್ಲೇ ಇರುತ್ತದೆ.

ಹಿಂದಿನ ವಾರ ಸೊಸೆ ಪ್ರಯೋಗಾಲಯದಿಂದ ವ್ಯಾಟ್ ಅಳೆಯುವ ಸಣ್ಣ ಉಪಕರಣ ತಂದು ಮನೆಯ ಒಂದೊಂದೇ ವಸ್ತುವಿಗೆ ಸಿಕ್ಕಿಸಿ ನೋಡಿದ್ದಳು. ಟೀವಿ ಸ್ಟ್ಯಾಂಡ್‌ಬೈನಲ್ಲಿ 0.6 ವ್ಯಾಟ್. ಬಟ್ಟೆ ಯಂತ್ರ 1.3. ಮೈಕ್ರೋವೇವ್ 2.1. ಎಲ್ಲ ಕೂಡಿದರೂ ನಾಲ್ಕು. ಈ ಪೆಟ್ಟಿಗೆಯೊಂದೇ 11.4.

“ಮಾವ, ಇದು ವರ್ಷಕ್ಕೆ ನೂರು ಯೂನಿಟ್ ನುಂಗುತ್ತೆ. ಸುಮ್ಮನೆ ಕೂತು.”

“ನುಂಗಲಿ ಬಿಡಮ್ಮ. ವಯಸ್ಸಾಗಿದೆ ಅದಕ್ಕೆ.”

“ಚಾರ್ಜರ್ ಮರೆತ್ರೆ ನನ್ನನ್ನ ಬಯ್ತೀರಲ್ಲ.”

“ಚಾರ್ಜರ್ ಬೇರೆ. ಇದನ್ನ ಆರಿಸಿದ್ರೆ ಮತ್ತೆ ಏಳಲ್ಲ.”

ಮರುದಿನ ಮಾವ ಇಲ್ಲದ ಹೊತ್ತಿನಲ್ಲಿ ಸೊಸೆ ಅದನ್ನು ಐದು ಸಲ ಆರಿಸಿ ಹಾಕಿ ಮಾಡಿದಳು. ಐದು ಸಲವೂ ಎದ್ದಿತು. ಅಲ್ಲಿಗೆ ಅವಳ ಯೋಜನೆ ಸಿದ್ಧವಾಯಿತು. ಯಾರಿಗೂ ಹೇಳದೆ ಒಂದು ತಿಂಗಳು ಆರಿಸಿಡುವುದು. ಆಮೇಲೆ ನೋಟ್‌ಬುಕ್ ಮುಂದಿಟ್ಟು, ‘ನೋಡಿ ಮಾವ, ಏನೂ ಆಗಲಿಲ್ಲ’ ಎನ್ನುವುದು.

ಆದರೆ ಆಗತೊಡಗಿತು.

ಮೊದಲು ಮಾವನ ತಮಾಷೆ ನಿಂತಿತು. ಮುಂದಿಟ್ಟ ಚಹಾ ತಣ್ಣಗಾಗತೊಡಗಿತು. ಯಾರಾದರೂ ಮಾತಾಡಿಸಿದರೆ ಥಟ್ಟನೆ ತಲೆಯೆತ್ತಿ ಅವರ ತುಟಿಯನ್ನೇ ನೋಡುವರು. ಪ್ರತಿದಿನ ಐದೂ ಮುಕ್ಕಾಲಿಗೆ ಎದ್ದು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂರುವುದು ಅವರ ಹಳೆಯ ರೂಢಿ. ಆ ‘ಸ್ವಲ್ಪ ಹೊತ್ತು’ ಈಗ ಅರ್ಧ ಗಂಟೆಯಾಯಿತು. ಕುರ್ಚಿಯೂ ಇದ್ದಲ್ಲಿ ಇರುತ್ತಿರಲಿಲ್ಲ; ಕಪಾಟಿನ ಕಡೆಗೆ ಸರಿಯುತ್ತಲೇ ಇತ್ತು. ಓಡಾಡಲು ಅಡ್ಡವಾಗುತ್ತದೆಂದು ಸೊಸೆ ಎರಡು ಸಲ ಅದನ್ನು ಹಿಂದಕ್ಕೆ ತಳ್ಳಿದಳು.

ಹದಿಮೂರನೇ ತಾರೀಖು ಗುರುವಾರ ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಈರುಳ್ಳಿಯಿನ್ನೂ ಅರ್ಧವೂ ಮುಗಿದಿರಲಿಲ್ಲ.

“ನಿಮ್ಮ ಮಾವ ಕೆಲಸ ಬಿಡ್ತಾರಂತೆ.”

“ಏನು?”

“ನಾಳೆ ಮಾಲೀಕರಿಗೆ ಹೇಳ್ತಾರಂತೆ. ಮಧ್ಯಾಹ್ನ ಆ ಮಾಲೀಕರೇ ಫೋನ್ ಮಾಡಿದ್ರು. ‘ಅಮ್ಮಾ, ಕಿವಿಯಣ್ಣಂಗೆ ಏನಾಗಿದೆ? ಮೂರು ಪಂಪು ಹಾಗೇ ಕೂತಿವೆ, ಒಂದಕ್ಕೂ ಹೂಂ ಅಂತಿಲ್ಲ ಊಹೂಂ ಅಂತಿಲ್ಲ’ ಅಂದ್ರು. ಇವರನ್ನ ಕೇಳಿದ್ರೆ, ‘ಸಾಕಾಯ್ತು ಕಣೇ’ ಅಂತಾರೆ. ಸಾಕಾಗೋ ಮನುಷ್ಯನಾ ಅದು? ಭಾನುವಾರ ರಜಾ ಅಂದ್ರೆ ಮಿಕ್ಸಿಗೆ ಸ್ಕ್ರೂಡ್ರೈವರ್ ಒತ್ತಿ ಕೇಳ್ತಾ ಕೂರ್ತಿದ್ರು.”

“ಎಲ್ಲಿದ್ದಾರೆ?”

“ನಡೆದು ಬರ್ತೀನಿ ಅಂತ ಹೋದ್ರು. ನಾನು ಗೊಣಗಿದ್ದಕ್ಕೆ ತಿರುಗಿ ಬಯ್ಯಲೂ ಇಲ್ಲ. ನಂಗೆ ಅದೇ ಭಯ.”

ಸೊಸೆ ನಡುಮನೆಗೆ ಬಂದಳು. ಕುರ್ಚಿ ಕಪಾಟಿನಿಂದ ಮೂರೇ ಟೈಲು ದೂರದಲ್ಲಿತ್ತು. ಇಷ್ಟು ಹತ್ತಿರ ಯಾಕೆ ಎಂದುಕೊಳ್ಳುತ್ತ ಅದನ್ನು ಎತ್ತಿದಾಗ ಟೈಲುಗಳ ಸಂದಿನಲ್ಲಿ ಪೆನ್ಸಿಲ್ಲಿನ ಗುರುತು ಕಂಡಿತು. ತಪ್ಪು ಉತ್ತರಕ್ಕೆ ಹಾಕುವಂಥ ಒಂದು ಚಿಕ್ಕ ಕತ್ತರಿ ಗುರುತು, ಪಕ್ಕದಲ್ಲಿ ಇರುವೆಯಷ್ಟು ಅಂಕಿ: 13-3.

ಮಂಡಿಯೂರಿದಳು. ನಾಲ್ಕನೇ ಟೈಲಿನ ಅಂಚಿನಲ್ಲಿ ಇನ್ನೊಂದು ಕತ್ತರಿ: 11-3. ಐದರಲ್ಲಿ, ಆರರಲ್ಲಿ, ಏಳರಲ್ಲಿ, ಎಂಟರಲ್ಲಿ ಹಾಗೆಯೇ. ಒಂಬತ್ತರಲ್ಲಿ ಎರಡು ಗುರುತು. ಒಂದು ಕತ್ತರಿ, 4-3. ಅದರ ಕೆಳಗೆ ಹಳೆಯದೊಂದು ಸರಿಗುರುತು: ಜನವರಿ 2025. ಮೊಬೈಲಿನ ದೀಪ ಹಿಡಿದು ಅವಳು ಹಿಂದೆ ಹಿಂದೆ ಸರಿದಳು. ಹತ್ತನೇ ಟೈಲಿಗೆ ಸರಿಗುರುತು, 2021. ಹನ್ನೊಂದಕ್ಕೆ 2016. ಹದಿಮೂರಕ್ಕೆ 2009. ಹದಿನಾಲ್ಕನೆಯದರ ಹತ್ತಿರ ಒರೆಸಿ ಒರೆಸಿ ಬಹುಪಾಲು ಅಳಿಸಿಹೋದ, ಮೇಲಿಂದ ಮತ್ತೆ ತಿದ್ದಿದ 2004.

ಪ್ರತಿದಿನ ಈ ನೆಲದ ಮೇಲೆ ನಡೆದಾಡುವವಳು ಅವಳು. ಒಂದು ದಿನವೂ ಕಂಡಿರಲಿಲ್ಲ.

ಚೀಲದಿಂದ ನೋಟ್‌ಬುಕ್ ತೆಗೆದಳು. ಮೊದಲ ಸಾಲು, ಅವಳದೇ ಅಕ್ಷರ: 3-3, 7.12. ಮೊದಲ ಕತ್ತರಿ ಅದರ ಮರುದಿನದ್ದು. ಪೆಟ್ಟಿಗೆಯ ಒಳಗೆ ಕೂತ ಹಳೆಯ ಟ್ರಾನ್ಸ್‌ಫಾರ್ಮರು ಕರೆಂಟು ಇರುವಷ್ಟು ಹೊತ್ತೂ ಸಣ್ಣಗೆ ಗುಂಯ್‌ಗುಡುತ್ತದೆ. ಅಳತೆ ಮಾಡುವಾಗ ಅವಳೇ ಕೇಳಿಸಿಕೊಂಡಿದ್ದಳು, ಹಳೆಯ ವಸ್ತು ಎಂದು ಬಿಟ್ಟಿದ್ದಳು. ಆ ಸದ್ದು ಎಷ್ಟು ದೂರಕ್ಕೆ ಕೇಳಿಸುತ್ತದೆಂದು ಮಾವ ಪ್ರತಿ ಬೆಳಿಗ್ಗೆ ಈ ಕುರ್ಚಿಯಲ್ಲಿ ಕೂತು ತಮ್ಮ ಕಿವಿಯನ್ನು ಅಳೆಯುತ್ತಿದ್ದರು. ತಾನು ಆರಿಸಿದ್ದು ಹನ್ನೊಂದು ವ್ಯಾಟನ್ನಲ್ಲ.

ಓಡಿಹೋಗಿ ಸ್ವಿಚ್ ಹಾಕಿಬಿಡಲೇ ಎನಿಸಿತು. ಹಾಕಿದರೆ ನಾಳೆ ಬೆಳಿಗ್ಗೆ ಮಾವನಿಗೆ ಕೇಳಿಸುತ್ತದೆ, ಅವರು ಖುಷಿಯಾಗುತ್ತಾರೆ, ತನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ. ಆದರೆ ಹತ್ತು ದಿನ ಯಾಕೆ ಕೇಳಿಸಲಿಲ್ಲ ಎಂಬ ಅನುಮಾನ ಅವರ ಜೊತೆಗೇ ಉಳಿಯುತ್ತದೆ, ಒಂದೊಂದು ಪಂಪಿನ ಮುಂದೆಯೂ ಬಂದು ನಿಲ್ಲುತ್ತದೆ. ಅವಳು ಕಪಾಟಿನ ಹಿಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

ಮಾವ ಬಂದಾಗ ಮನೆಗೆ ನೆಂಟರು ಬಂದಿದ್ದರು. ಅವರು ಹೊರಡುವ ಹೊತ್ತಿಗೆ ಮಾವ ಮಲಗಿಯಾಗಿತ್ತು. ಶುಕ್ರವಾರ ಬೆಳಿಗ್ಗೆ ಐದೂ ನಲವತ್ತಕ್ಕೆ ಸೊಸೆ ನಡುಮನೆಯಲ್ಲಿ ನೆಲದ ಮೇಲೆ ಕಾದು ಕೂತಳು. ಮಾವ ಬಂದರು. ಬಗಲಲ್ಲಿ ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿತ್ತು. ಅಂದರೆ ಅದನ್ನೂ ವಾಪಸು ಕೊಡುವ ತಯಾರಿ.

“ಇಷ್ಟು ಬೇಗ ಎದ್ದಿದ್ದೀಯಲ್ಲಮ್ಮ?”

“ಮಾವ, ಕೂತ್ಕೊಳ್ಳಿ. ನಿಮಗೆ ಒಂದು ವಿಷಯ ಹೇಳ್ಬೇಕು. ಬಯ್ಯೋದಾದ್ರೆ ಪೂರ್ತಿ ಕೇಳಿ ಬಯ್ಯಿ.”

ಮಾವ ಕೂತರು. ಅವಳು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಅವರ ಕೈಗಿಟ್ಟಳು.

“ಈ ಪೆಟ್ಟಿಗೆಗೆ ಹತ್ತು ದಿನದಿಂದ ಕರೆಂಟಿಲ್ಲ. ನಾನೇ ಆರಿಸಿದ್ದು. ನಿಮ್ಮನ್ನ ಕೇಳದೆ.”

ಮಾವ ಕನ್ನಡಕ ಏರಿಸಿ ಓದಿದರು. ಕಪಾಟನ್ನು ನೋಡಿದರು. ಮತ್ತೆ ಓದಿದರು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಚೈನು ಕಟಕಟ ಎನ್ನುತ್ತ ಹೋಯಿತು.

“ಆ ಚೈನಿಗೆ ಎಣ್ಣೆ ಬೇಕು,” ಎಂದರು ಮಾವ. ಹೇಳಿದ ಮೇಲೆ ತಾವೇ ಬೆಚ್ಚಿಬಿದ್ದು ಅವಳ ಮುಖ ನೋಡಿದರು.

“ನಿಮಗೆ ಎಲ್ಲ ಕೇಳಿಸ್ತಿದೆ ಮಾವ.”

“ಮಾತು ಕೇಳಿಸುತ್ತೆ ಕಣಮ್ಮ, ಚೈನೂ ಕೇಳಿಸುತ್ತೆ. ಬೇರಿಂಗ್ ಅಷ್ಟು ಜೋರಾಗಿ ಮಾತಾಡಲ್ಲ. ಒಳಗೊಳಗೇ ಗೊಣಗುತ್ತೆ. ಸಣ್ಣ ದನಿ ಹೋದ್ರೆ ನನ್ನ ಕೆಲಸ ಹೋದ ಹಾಗೆ.” ಅವರು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. “ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಕಿವಿ ಹೋಗಿದ್ದು ಅವರಿಗೇ ಗೊತ್ತಿರ್ಲಿಲ್ಲ. ಕೆಟ್ಟ ಪಂಪಿಗೆಲ್ಲ ‘ಬೆಣ್ಣೆ ಹಾಗಿದೆ’ ಅಂತಿದ್ರು. ನಾವು ಬೆನ್ನ ಹಿಂದೆ ನಗ್ತಿದ್ವಿ. ನಾನೂ ನಕ್ಕಿದ್ದೆ. ಅವರು ಸತ್ತ ಮೇಲೆ ನನಗದು ಚುಚ್ಚೋಕೆ ಶುರುವಾಯ್ತು. ನನ್ನ ವಿಷಯ ಊರಿಗಿಂತ ಮೊದಲು ನನಗೆ ಗೊತ್ತಾಗಲಿ ಅಂತ ಈ ಗುರುತು.”

“ಸ್ವಿಚ್ ಒಂದ್ಸಲ ನೋಡಬಹುದಿತ್ತಲ್ಲ?”

“ಅದು ಇಪ್ಪತ್ತೊಂದು ವರ್ಷ ಒಂದು ದಿನಾನೂ ತಪ್ಪಿರ್ಲಿಲ್ಲ. ಅದರ ಮೇಲೆ ಅನುಮಾನ ಬರಲಿಲ್ಲ ನೋಡು, ನನ್ನ ಮೇಲೆ ಬಂತು. ಹತ್ರ ಹತ್ರ ಹೋದೆ. ಮೂರು ಟೈಲಿಗೆ ನಿಂತುಬಿಟ್ಟೆ. ಕಿವಿ ಆನಿಸಿದ್ರೂ ಕೇಳಿಸದೇ ಹೋದ್ರೆ ಏನು ಮಾಡ್ಲಿ?”

“ತಪ್ಪಾಯ್ತು ಮಾವ.”

ಅಷ್ಟರಲ್ಲಿ ಬಾಗಿಲ ಬಳಿಯಿಂದ ದನಿ ಬಂತು. ಅತ್ತೆ ಯಾವಾಗ ಎದ್ದು ಬಂದಿದ್ದರೋ. “ಪಂಪು ಓಡ್ತಿಲ್ಲ ಅಂತ ಬಂದವರಿಗೆಲ್ಲ ಮೊದಲ ಮಾತು ಏನು ಹೇಳ್ತೀರಿ ನೀವು? ಬಾಯಿಬಿಟ್ಟು ಹೇಳಿ, ನಿಮ್ಮ ಸೊಸೆ ಕೇಳಲಿ.”

ಮಾವನ ಮುಖದಲ್ಲಿ ಹತ್ತು ದಿನದ ನಂತರ ಏನೋ ಸಡಿಲವಾಯಿತು. “‘ಮೊದಲು ಕರೆಂಟ್ ಬರ್ತಿದೆಯಾ ನೋಡು’ ಅಂತೀನಿ.”

“ಮೂವತ್ತೈದು ವರ್ಷ ಊರಿಗೆಲ್ಲ ಹೇಳಿದ್ರಿ!” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ನನ್ನ ಗೊಣಗಾಟ ಕೇಳಿಸ್ತಿತ್ತೋ ಇಲ್ವೋ?”

“ಅದೊಂದು ಕೇಳಿಸ್ತಾನೇ ಇತ್ತು. ಅದಕ್ಕೇ ಲೆಕ್ಕಕ್ಕೆ ತಗೊಳ್ಳಲಿಲ್ಲ.”

ಮೂವರೂ ನಕ್ಕರು. ಆಮೇಲೆ ಮಾವ ಮತ್ತೆ ಕಪಾಟಿನ ಕಡೆ ನೋಡಿದರು. ಕರೆಂಟಿಲ್ಲದ ಪೆಟ್ಟಿಗೆ ಕೇಳಿಸಲಿಲ್ಲ ಎಂಬುದೇನೋ ಸರಿ. ಕರೆಂಟಿದ್ದಾಗ ಕೇಳಿಸುತ್ತದೆ ಎಂದು ಇನ್ನೂ ಯಾರೂ ತೋರಿಸಿರಲಿಲ್ಲ. ಅದು ಸೊಸೆಗೂ ಗೊತ್ತಿತ್ತು.

“ಅಳೆಯೋಣ ಮಾವ,” ಎಂದಳು. “ನೀವು ಕಣ್ಣು ಮುಚ್ಚಿ. ನಾನು ಹೇಳದೆ ಹಾಕ್ತೀನಿ, ಹೇಳದೆ ಆರಿಸ್ತೀನಿ. ಯಾವಾಗ ಕೇಳಿಸುತ್ತೋ ಆವಾಗ ಕೈಯೆತ್ತಿ.”

ಕುರ್ಚಿಯನ್ನು ಅವಳೇ ಒಂಬತ್ತನೇ ಟೈಲಿಗೆ ಒಯ್ದಳು. ಅತ್ತೆ ಹೋಗಿ ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿ ಬಂದರು. ಸೊಸೆ ಕಪಾಟಿನ ಹಿಂದೆ ಕೈ ಇಟ್ಟು, ಮನಸ್ಸಿನಲ್ಲೇ ಹದಿನೇಳರವರೆಗೆ ಎಣಿಸಿ, ಟಕ್ಕೆನ್ನದಂತೆ ಮೆಲ್ಲಗೆ ಸ್ವಿಚ್ ಹಾಕಿದಳು.

ಮಾವನ ಕೈ ತೊಡೆಯ ಮೇಲೇ ಇತ್ತು. ಅತ್ತೆ ಉಸಿರು ಬಿಗಿಹಿಡಿದಿದ್ದರು. ಕಣ್ಣು ಮುಚ್ಚಿಕೊಂಡೇ ಮಾವ ಕುರ್ಚಿಯನ್ನು ನಾಲ್ಕು ಬೆರಳು ಮುಂದೆ ಸರಿಸಿದರು. ಮತ್ತೆ ನಾಲ್ಕು ಬೆರಳು. ಕೈ ಮೇಲೆದ್ದಿತು.

ಅವಳು ಆರಿಸಿದಳು, ಕೈ ಇಳಿಯಿತು. ಹಾಕಿದಳು, ಎದ್ದಿತು. ಏಳು ಸಲ ಮಾಡಿದಳು. ಏಳೂ ಸಲ ಸರಿಯಾಗಿತ್ತು.

“ಅರ್ಧ ಟೈಲು ಹೋಗಿದೆ,” ಎಂದರು ಮಾವ ಕಣ್ಣು ತೆರೆದು. ದನಿಯಲ್ಲಿ ದುಃಖವಿರಲಿಲ್ಲ, ಪಂಪಿನ ಬಗ್ಗೆ ಹೇಳುವಾಗಿನ ದನಿ ಅದು.

“ಅರ್ಧ ಟೈಲಿಗೆ ಯಾರೂ ಕೆಲಸ ಬಿಡಲ್ಲ. ಆದ್ರೆ ಸೋಮವಾರ ಕಿವಿ ಡಾಕ್ಟರ ಹತ್ರ ಹೋಗೋಣ. ನಮ್ಮ ಪ್ರಯೋಗಾಲಯದಲ್ಲಿ ಅಳೆಯೋ ಉಪಕರಣವನ್ನೂ ವರ್ಷಕ್ಕೊಮ್ಮೆ ಇನ್ನೊಂದರ ಜೊತೆ ಹೋಲಿಸಿ ನೋಡ್ತೀವಿ. ನಿಮ್ಮ ಪೆಟ್ಟಿಗೆಗೂ ವಯಸ್ಸಾಗಿದೆ ಅಂತ ನೀವೇ ಅಂದ್ರಲ್ಲ.”

“ಬರ್ತೀನಿ. ಇವತ್ತು ಆ ಮೂರು ಪಂಪು ನೋಡ್ಬೇಕು ಮೊದಲು.” ಅವರು ಗಂಟು ಬಿಚ್ಚಿ ಸ್ಕ್ರೂಡ್ರೈವರನ್ನು ಅಂಗಿಯ ತೋಳಿಗೆ ಒರೆಸಿದರು. ಆಮೇಲೆ ಕಪಾಟಿನ ಕಡೆ ಗದ್ದದಿಂದ ಸನ್ನೆ ಮಾಡಿದರು. “ಈಗ ಅದನ್ನ ಆರಿಸಿಬಿಡು.”

“ಬೇಡ ಮಾವ, ಇರಲಿ.”

“ದಂಡಕ್ಕೆ ಯಾಕೆ? ಬೆಳಿಗ್ಗೆ ಹತ್ತು ನಿಮಿಷ ಹಾಕಿದ್ರೆ ಸಾಕಲ್ಲ. ನೀನೇ ಹಾಕು, ನೀನೇ ಆರಿಸು. ಇನ್ನು ಮೇಲೆ ನಾನೊಬ್ಬನೇ ಕೇಳಲ್ಲ.”

“ಅಬ್ಬ, ಅಂತೂ ಸವತಿ ಮಲಗಿದಳು,” ಎಂದರು ಅತ್ತೆ, ಚಹಾಕ್ಕೆ ನೀರಿಡಲು ಹೋಗುತ್ತ.

ಸೊಸೆ ಅಳತೆಪಟ್ಟಿ ತಂದಳು. ಟೈಲಿನ ಲೆಕ್ಕ ಅವಳಿಗೆ ಸಾಲದು. ಒಂದು ತುದಿಯನ್ನು ಪೆಟ್ಟಿಗೆಗೆ ಹಿಡಿದುಕೊಳ್ಳಲು ಅತ್ತೆಯನ್ನೇ ವಾಪಸು ಕರೆದಳು. ಇನ್ನೊಂದು ತುದಿಯನ್ನು ತಾನು ಹಿಡಿದು ಮಾವನ ಪಕ್ಕ ಬಗ್ಗಿದಳು. ಮಾವ ಅಲುಗಾಡದೆ, ಫೋಟೋಗೆ ಕೂತವರ ಹಾಗೆ ನೆಟ್ಟಗೆ ಕೂತರು. ಅವಳು ಎರಡು ಸಲ ನೋಡಿ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದಳು. ಮಾರ್ಚ್ 14, ಬೆಳಿಗ್ಗೆ 6.08. ಪೆಟ್ಟಿಗೆಯ ಮುಖದಿಂದ ಮಾವನ ಬಲಗಿವಿಯವರೆಗೆ ಎರಡು ಮೀಟರ್ ಐವತ್ತೇಳು ಸೆಂಟಿಮೀಟರ್.